ಬೇಗ ಬಂದರೂ ಸೋಲು

ಸ್ಪರ್ಧೆ ಅಂದ ಮೇಲೆ ಮೊದಲು ಬಂದವರು ಗೆಲ್ಲಬೇಕು. ಅದರಲ್ಲೂ ಕುದುರೆ ಸವಾರಿಯ ಸ್ಪರ್ಧೆ ಅಂದರೆ ಕೇಳುವುದೇ ಬೇಡ. ಆದರೆ ತಂಡ ಕಟ್ಟಿಕೊಂಡು ಕಾಡುದಾರಿಯಲ್ಲಿ ಹೋಗುವ ಒಂದು ಬಗೆಯ ಸವಾರಿ ಇದೆ. ಅದರಲ್ಲಿ ಎಲ್ಲರಿಗಿಂತ ಬೇಗ ಬಂದವರು ಸಾಮಾನ್ಯವಾಗಿ ಸೋಲುತ್ತಾರೆ. ಹಾಗಂತ ನಿಧಾನವೇ ಪ್ರಧಾನ ಅಂದುಕೊಂಡು ಹೊರಟರೂ ಸೋಲೇ. ಗೆಲ್ಲಬೇಕಾದರೆ ಸರಿಯಾದ ಹೊತ್ತಿಗೆ ಬಂದು ಮುಟ್ಟಬೇಕು. ಆ ಸರಿಯಾದ ಹೊತ್ತು ಯಾವುದು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಅಮೆರಿಕದಲ್ಲಿ ಇದನ್ನು ಹಂಟರ್ ಪೇಸ್ ಅನ್ನುತ್ತಾರೆ. ಬೇಟೆನಾಯಿಗಳ ಹಿಂದೆ ಕುದುರೆ ಏರಿ ನರಿಬೇಟೆಗೆ ಹೋಗುತ್ತಿದ್ದವರಿಂದ ಬಂದ ಆಟ ಇದು. ಬೇಟೆ ಅಂದರೆ ಹೊಲ, ಕಾಡು, ಹಳ್ಳ ದಾಟಿಕೊಂಡು ಗಂಟೆಗಟ್ಟಲೆ ಸುತ್ತಬೇಕು. ಮೊದಲ ಅರ್ಧ ಗಂಟೆಯಲ್ಲೇ ಕುದುರೆಯ ದಮ್ಮು ಮುಗಿಸಿಬಿಟ್ಟರೆ ಸವಾರ ಲಗಾಮು ಹಿಡಿದುಕೊಂಡು ನಡೆದೇ ಮನೆ ಸೇರಬೇಕು. ಹಾಗಾಗಿ ಪಳಗಿದ ಸವಾರರಿಗೆ ಒಂದು ಹದವಾದ ವೇಗ ಮೈಗೆ ಹತ್ತಿರುತ್ತದೆ. ಸ್ಪರ್ಧೆಗೆ ಮೊದಲು ಅಂಥವರೊಬ್ಬರು ಅದೇ ದಾರಿಯಲ್ಲಿ ಹೋಗಿ ಬರುತ್ತಾರೆ. ಅವರಿಗೆ ಹಿಡಿದ ಸಮಯವನ್ನು ಗುಟ್ಟಾಗಿ ಬರೆದಿಡುತ್ತಾರೆ. ಅದಕ್ಕೆ ಎಲ್ಲರಿಗಿಂತ ಹತ್ತಿರ ಬಂದ ತಂಡಕ್ಕೆ ಗೆಲುವು. ಎರಡು ನಿಮಿಷ ಮುಂಚೆ ಬಂದರೂ ಅಷ್ಟೇ, ಎರಡು ನಿಮಿಷ ತಡವಾದರೂ ಅಷ್ಟೇ. ಕೆಲವು ಕಡೆ ಯಾರನ್ನೂ ಮೊದಲು ಕಳಿಸುವುದಿಲ್ಲ. ಬಂದ ತಂಡಗಳ ಸಮಯವನ್ನೆಲ್ಲ ಕೂಡಿಸಿ ಸರಾಸರಿ ತೆಗೆದು, ಅದಕ್ಕೆ ಹತ್ತಿರ ಇದ್ದವರಿಗೆ ರಿಬ್ಬನ್ ಕೊಡುತ್ತಾರೆ. ಸಾಧಾರಣವಾಗಿ ಇರುವುದಕ್ಕೇ ಬಹುಮಾನ! ನನ್ನಂಥವರಿಗೆ ಹೇಳಿ ಮಾಡಿಸಿದ್ದು.

ಒಬ್ಬರೇ ಹೋಗುವಂತಿಲ್ಲ. ಇಬ್ಬರೋ ಮೂವರೋ ಇರಬೇಕು. ಒಂದು ತಂಡ ಹೊರಟು ಕೆಲವು ನಿಮಿಷ ಆದ ಮೇಲೆ ಮುಂದಿನ ತಂಡವನ್ನು ಬಿಡುತ್ತಾರೆ. ಹೊರಟವರು ಕೊನೆಯ ತನಕ ಕೂಡಿಯೇ ಇರಬೇಕು. ತಂಡದ ಕೊನೆಯ ಕುದುರೆ ಗೆರೆ ದಾಟಿದಾಗಲೇ ಗಡಿಯಾರ ನಿಲ್ಲುವುದು. ಹಾಗಾಗಿ ಮುಂದೆ ಹೋದವರು ಎಷ್ಟೇ ಮುಂದೆ ಹೋಗಿರಲಿ, ಲೆಕ್ಕಕ್ಕೆ ಸಿಗುವುದು ಹಿಂದೆ ಉಳಿದವರು. ಮೂರು ಕುದುರೆಗಳನ್ನು ಒಟ್ಟಿಗೆ ಹೊರಡಿಸುವುದು ಅಂದರೆ ಮನೆಮಂದಿಯನ್ನೆಲ್ಲ ಮದುವೆಗೆ ಹೊರಡಿಸಿದ ಹಾಗೆ. ಒಬ್ಬರು ಆಗಲೇ ಬಾಗಿಲಲ್ಲಿ ನಿಂತು ಕೂಗುತ್ತಿರುತ್ತಾರೆ, ಇನ್ನೊಬ್ಬರಿಗೆ ಏನೋ ಸಿಟ್ಟು, ಮೂರನೆಯವರು ಎಲ್ಲಿ ಅಂತ ನೋಡಿದರೆ ಏನನ್ನೋ ತಿನ್ನುತ್ತಿರುತ್ತಾರೆ.

ನಮ್ಮ ತಂಡದಲ್ಲಿ ಬಾಗಿಲಲ್ಲಿ ನಿಂತದ್ದು ಗೆಳೆಯನ ಉದ್ದ ಕಾಲಿನ ಕಂದು ಕುದುರೆ. ಸಿಟ್ಟಿನದು ಗೆಳತಿಯ ಬೂದು ಬಣ್ಣದ ಹೆಣ್ಣು ಕುದುರೆ. ಅದರ ಬಾಲಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿತ್ತು. ಕುದುರೆಯವರ ನಡುವೆ ಇದಕ್ಕೆ ಅರ್ಥ ಒಂದೇ: ಇದು ಒದೆಯುತ್ತದೆ, ಹಿಂದೆ ಅಂಟಿಕೊಂಡು ಬರಬೇಡಿ. ಇನ್ನೂ ಎಳೆಯ, ಹೊಸ ಕುದುರೆಗಾದರೆ ಹಸಿರು ರಿಬ್ಬನ್ ಕಟ್ಟುತ್ತಾರೆ. ಸ್ಪರ್ಧೆ ಶುರುವಾಗುವ ಮೊದಲೇ ರಿಬ್ಬನ್ ಗಿಟ್ಟಿಸಿಕೊಂಡಿದ್ದು ನಮ್ಮ ತಂಡದಲ್ಲಿ ಅದೊಂದೇ ಅಂತ ನಾವು ಹೆಮ್ಮೆಪಟ್ಟೆವು. ತಿನ್ನುತ್ತಾ ನಿಂತದ್ದು ಯಾವುದು ಅಂತ ಹೇಳಬೇಕಾಗಿಲ್ಲ. ನನ್ನ ಪೋನಿ, ಅಂದರೆ ಗಿಡ್ಡ ಜಾತಿಯ ಕುದುರೆ.

ಇನ್ನು ವೇಗದ ಲೆಕ್ಕ. ಕಾಗದದ ಮೇಲೆ ಅದು ಬಹಳ ಸುಲಭ. ಕುದುರೆ ನಡೆದರೆ ಗಂಟೆಗೆ ಸುಮಾರು 6 ಕಿಲೋಮೀಟರ್. ಟ್ರಾಟ್, ಅಂದರೆ ಕುಕ್ಕುಲೋಟದಲ್ಲಿ 13ರ ಆಸುಪಾಸು. ಕ್ಯಾಂಟರ್, ಅಂದರೆ ನೆಗೆನೆಗೆದು ಹೋಗುವ ಹದವಾದ ಓಟ ಹಿಡಿದರೆ 20 ದಾಟುತ್ತದೆ. ದಾರಿ 12 ಕಿಲೋಮೀಟರ್ ಇದ್ದರೆ ಬರೀ ನಡೆದುಕೊಂಡು ಎರಡು ಗಂಟೆ, ಬರೀ ಟ್ರಾಟ್‌ನಲ್ಲಿ ಒಂದು ಗಂಟೆಗೂ ಕಡಿಮೆ. ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ನಾವು ಮೂವರೂ ಇಷ್ಟು ಲೆಕ್ಕ ಹಾಕಿ, ತಲೆ ಆಡಿಸಿ, ಜೀನು ಬಿಗಿದು ಹೊರಟೆವು.

ಕಾಲು ಗಂಟೆಯೊಳಗೆ ಆ ಲೆಕ್ಕ ಕೆಲಸಕ್ಕೆ ಬಾರದೆ ಹೋಯಿತು. ಯಾಕಂದರೆ ಕಾಡಿನ ದಾರಿಗೆ ಸರಾಸರಿ ಅನ್ನುವುದು ಗೊತ್ತಿಲ್ಲ. ಕಲ್ಲು ಜಾಸ್ತಿ ಇದ್ದ ಕಡೆ ನಡೆಸಲೇಬೇಕು, ಇಲ್ಲದಿದ್ದರೆ ಗೊರಸಿಗೆ ಪೆಟ್ಟು. ಕೆಸರಿನಲ್ಲಿ ಓಡಿಸಿದರೆ ಲಾಳ ಕಿತ್ತು ಬರುತ್ತದೆ, ಕಾಲಿನ ನರ ಉಳುಕುತ್ತದೆ. ಇಳಿಜಾರಿನಲ್ಲಿ ಕುದುರೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದುಕೊಂಡು ಹುಷಾರಾಗಿ ಇಳಿಯಬೇಕು. ಕುದುರೆ ನಿಂತಾಗಲೇ ಅದರ ಭಾರದಲ್ಲಿ ಹೆಚ್ಚಿನ ಪಾಲು ಮುಂಗಾಲಿನ ಮೇಲಿರುತ್ತದೆ, ಇಳಿಯುವಾಗ ಇನ್ನೂ ಹೆಚ್ಚು. ಕ್ಯಾಂಟರ್‌ಗೆ ಒಳ್ಳೆಯ ಜಾಗ ಅಂದರೆ ಸಣ್ಣ ಏರು ಇರುವ ಮೆತ್ತನೆಯ ಹುಲ್ಲುಗಾವಲು. ಅಂಥ ಜಾಗ ಬಂದಾಗ ಮೂರೂ ಕುದುರೆಗಳಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಕಿವಿ ಮುಂದಕ್ಕೆ ಬರುತ್ತದೆ, ಬೆನ್ನು ಬಿಗಿಯುತ್ತದೆ. ಸವಾರ ಹೂಂ ಅನ್ನುವುದಷ್ಟೇ ಬಾಕಿ.

ನಿಜವಾಗಿ ನೋಡಿದರೆ ವೇಗ ತಿಳಿಯಬೇಕಾದದ್ದು ಕುದುರೆಯ ಮೈಯಿಂದ. ಕುದುರೆ ಬಾಯಿಂದ ಉಸಿರಾಡುವುದಿಲ್ಲ, ಮೂಗಿನಿಂದ ಮಾತ್ರ. ಕ್ಯಾಂಟರ್‌ನಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು, ಕಾಲು ಮತ್ತು ಉಸಿರು ಎರಡೂ ಒಂದೇ ತಾಳದಲ್ಲಿ. ಓಡುತ್ತಿರುವ ತನಕ ಎಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ನಡಿಗೆಗೆ ಇಳಿಸಿ ಒಂದೆರಡು ನಿಮಿಷ ಕಿವಿಗೊಟ್ಟರೆ ಅದಕ್ಕೆ ಎಷ್ಟು ದಣಿವಾಗಿದೆ ಅಂತ ಗೊತ್ತಾಗುತ್ತದೆ. ಮೂಗಿನ ಹೊಳ್ಳೆ ಬೇಗ ಸಣ್ಣದಾದರೆ ಪರವಾಗಿಲ್ಲ. ಪಕ್ಕೆ ಇನ್ನೂ ಏರಿಳಿಯುತ್ತಿದ್ದರೆ ಮುಂದಿನ ಹುಲ್ಲುಗಾವಲನ್ನು ಮರೆಯುವುದು ಒಳ್ಳೆಯದು. ಕತ್ತಿನ ಮೇಲೆ ಲಗಾಮು ತಿಕ್ಕುವ ಕಡೆ ಬೆವರು ಬಿಳಿ ನೊರೆಯಾಗುತ್ತದೆ. ಕುದುರೆಯ ಬೆವರಿನಲ್ಲಿ ನೊರೆ ಬರಿಸುವ ಒಂದು ಪ್ರೊಟೀನ್ ಇದೆ. ಅದು ಇರುವುದರಿಂದ ಬೆವರು ಎಣ್ಣೆ ಮೈಯ ದಟ್ಟ ಕೂದಲಿನ ಮೇಲೆ ಹರಡಿ ಬೇಗ ಆರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ, ಸ್ನಾನ ಮಾಡಿಸಿದಾಗ ಸೋಪು ತೊಳೆದಿಲ್ಲವೇನೋ ಅಂತ.

ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ನಾವು ನೋಡುತ್ತಿದ್ದದ್ದು ಗೆಳೆಯನ ಕೈಗಡಿಯಾರವನ್ನು.

“ನಾವೀಗ ಬೇಗ ಇದ್ದೀವಾ, ತಡ ಆಗಿದ್ಯಾ?” ಅಂತ ನಾನು ಕೇಳಿದೆ.

“ಯಾವುದಕ್ಕಿಂತ?” ಅಂದ ಅವನು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಹೊತ್ತಾಯಿತು ಅಂತ ಗಡಿಯಾರ ಹೇಳುತ್ತದೆ. ಎಷ್ಟು ಹೊತ್ತಾಗಬೇಕಿತ್ತು ಅಂತ ಅದಕ್ಕೇನು ಗೊತ್ತು, ಪಾಪ. ಕೆಲವು ಕಡೆ ಗಡಿಯಾರ ತರಲೇಬೇಡಿ ಅನ್ನುತ್ತಾರಂತೆ. ಅದೇ ಸರಿ ಅನ್ನಿಸುತ್ತದೆ. ಇಷ್ಟಾದರೂ ಗೆಳತಿ ಐದೈದು ನಿಮಿಷಕ್ಕೆ “ಟೈಮ್ ಎಷ್ಟು?” ಅನ್ನುವುದು ಬಿಡಲಿಲ್ಲ.

ದಾರಿಯಲ್ಲಿ ಅಲ್ಲಲ್ಲಿ ಬಿದ್ದ ಮರದ ದಿಮ್ಮಿಗಳು ಇದ್ದವು, ಹಾರಲಿಕ್ಕೆ. ಬೇಡ ಅನ್ನುವವರಿಗೆ ಪಕ್ಕದಲ್ಲೇ ಬಳಸುದಾರಿ. ಪೋನಿ ಬಳಸುದಾರಿಯನ್ನು ನನಗಿಂತ ಮೊದಲೇ ನೋಡಿತು.

ಕಷ್ಟ ಬಂದದ್ದು ಇನ್ನೊಂದು ತಂಡ ಹಿಂದಿನಿಂದ ಬಂದಾಗ. ರೀತಿ ಏನೆಂದರೆ, ದಾಟಿ ಹೋಗಬೇಕೆನ್ನುವವರು ಮೊದಲು ಕೂಗಿ ಕೇಳಬೇಕು, ಆಮೇಲೆ ನಡಿಗೆಯಲ್ಲಿ ದಾಟಿ, ಸ್ವಲ್ಪ ದೂರ ಹೋದ ಮೇಲೆ ಓಡಿಸಬೇಕು. ಈ ತಂಡದವರು ಕೇಳಿದ್ದೂ ಆಯಿತು, ಕ್ಯಾಂಟರ್‌ನಲ್ಲೇ ನುಗ್ಗಿದ್ದೂ ಆಯಿತು. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತದೆ. ಮೂಗಿನ ಮುಂದೆ ಒಂದಿಷ್ಟು, ಬೆನ್ನ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲೂ ಎಲ್ಲ ಕಾಣುತ್ತದೆ. ಆ ಬೆನ್ನ ಹಿಂದಿನ ಕುರುಡು ಜಾಗದಿಂದಲೇ ಮೂರು ಕುದುರೆ ದಡದಡ ಬಂದರೆ ಹೇಗಿರಬೇಕು? ಇವು ಬೇಟೆಗೆ ಸಿಗದೆ ಉಳಿದುಕೊಂಡು ಬಂದ ಪ್ರಾಣಿಗಳು. ಜೊತೆಯ ಕುದುರೆ ಓಡಿದಾಗ ಯಾಕೆ ಓಡುತ್ತಿದೆ ಅಂತ ನಿಂತು ಯೋಚಿಸಿದ ಕುದುರೆಗಳಿಗೆ ಮರಿ ಆಗಿರಲಾರವು. ಓಡಿದವುಗಳ ಮೊಮ್ಮಕ್ಕಳು ನಮ್ಮವು. ಕಂದು ಕುದುರೆ ಅವರ ಜೊತೆಗೇ ಹೊರಟಿತು. ಬೂದು ಕುದುರೆ ಒದೆಯಲು ಯಾರೂ ಸಿಗದೆ ಬೇಸರದಿಂದ ಒಂದು ಸುತ್ತು ತಿರುಗಿತು. ನನ್ನ ಪೋನಿ, ಅದುವರೆಗೆ ಎರಡು ಹೆಜ್ಜೆಗೊಂದು ಸಲ ಹುಲ್ಲಿಗೆ ಬಾಯಿ ಹಾಕುತ್ತಿದ್ದದ್ದು, ನಾಗಾಲೋಟ ಅಂದರೆ ಏನು ಅಂತ ತೋರಿಸಿಕೊಟ್ಟಿತು. ನಾನು ಅಯಾಲು ಹಿಡಿದುಕೊಂಡು ಕೂತೆ. ಅಂಥ ಹೊತ್ತಿನಲ್ಲಿ ಅಯಾಲು ಬಹಳ ಉಪಯೋಗದ ವಸ್ತು, ಯಾವ ತರಬೇತುದಾರರೂ ಇದನ್ನು ಬೇಡ ಅನ್ನುವುದಿಲ್ಲ.

ಅರ್ಧ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲುವ ಜಾಗ. ಅಲ್ಲಿ ಕುದುರೆಗೆ ನೀರು, ಸವಾರರಿಗೆ ಹರಟೆ. ಬೇರೆ ತಂಡದವರನ್ನು ನೋಡಿದಾಗ ಎಲ್ಲರೂ ಒಂದೇ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳುತ್ತಿದ್ದರು: ನೀವು ಎಷ್ಟು ಓಡಿಸಿದಿರಿ? ಎಲ್ಲರೂ ಒಂದೇ ಸುಳ್ಳು ಹೇಳುತ್ತಿದ್ದರು: ಸುಮ್ನೆ ಆರಾಮಾಗಿ ಬಂದ್ವಿ.

ಹಂಟರ್ ಪೇಸ್ ಅಂದರೆ ಒಂದೆರಡು ಗಂಟೆಯ ಮಾತು. ದೂರದ ಸವಾರಿಯ ಮಂದಿ ಇದನ್ನು ನೋಡಿದರೆ ನಗಬಹುದು. ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆಯುತ್ತಿರುವ ಟೆವಿಸ್ ಕಪ್‌ನಲ್ಲಿ 160 ಕಿಲೋಮೀಟರ್ ಬೆಟ್ಟದ ದಾರಿಯನ್ನು 24 ಗಂಟೆಯೊಳಗೆ ಮುಗಿಸಬೇಕು. 1974ರಲ್ಲಿ ಗಾರ್ಡಿ ಐನ್ಸ್‌ಲೀ ಅನ್ನುವವನು ಕುದುರೆಯೇ ಇಲ್ಲದೆ ಆ ದಾರಿಯನ್ನು ಕಾಲ್ನಡಿಗೆಯಲ್ಲೇ ಓಡಿ, 24 ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗಲೇ ಬಂದು ಮುಟ್ಟಿದ. ಕುದುರೆಗಳು ಏನಂದುಕೊಂಡವೋ! ಇನ್ನೊಂದು ಆಟ ಇದೆ, ರೈಡ್ ಅಂಡ್ ಟೈ, 1971ರಲ್ಲಿ ಶುರುವಾದದ್ದು. ಇಬ್ಬರು ಮನುಷ್ಯರು, ಒಂದೇ ಕುದುರೆ. ಒಬ್ಬರು ಕುದುರೆ ಮೇಲೆ ಮುಂದೆ ಹೋಗಿ, ಅದನ್ನು ಮರಕ್ಕೆ ಕಟ್ಟಿ, ಓಡಲು ಶುರು ಮಾಡುತ್ತಾರೆ. ಹಿಂದಿನಿಂದ ಓಡಿ ಬಂದವರು ಬಿಚ್ಚಿಕೊಂಡು ಹತ್ತಿ, ಓಡುತ್ತಿರುವವರನ್ನು ದಾಟಿ ಹೋಗಿ, ಮತ್ತೆ ಕಟ್ಟುತ್ತಾರೆ. ಹೀಗೆ ಕೊನೆಯ ತನಕ. ಕುದುರೆಗೆ ಮರದ ಕೆಳಗೆ ಬಿಡುವಾದರೂ ಸಿಗುತ್ತದೆ. ಮೂವರಲ್ಲಿ ಜಾಣತನದ ಪಾತ್ರ ಅದರದೇ ಅಂತ ನನಗೆ ಅನ್ನಿಸುತ್ತದೆ.

ಈ ದೂರದ ಸವಾರಿಗಳಲ್ಲಿ ನನಗೆ ಹಿಡಿಸಿದ್ದು ಒಂದೇ ಒಂದು ವಿಷಯ. ಅಲ್ಲಿ ಪಶುವೈದ್ಯರು ನಡುನಡುವೆ ಕುದುರೆಯನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಸುಮ್ಮನೆ ನಿಂತ ಕುದುರೆಯ ಎದೆ ನಿಮಿಷಕ್ಕೆ 30ರಿಂದ 40 ಸಲ ಬಡಿದುಕೊಳ್ಳುತ್ತದೆ. ಓಡಿ ಬಂದ ಮೇಲೆ ಅದು ಗೊತ್ತುಮಾಡಿದ ಹೊತ್ತಿನೊಳಗೆ ಸಾಮಾನ್ಯವಾಗಿ 64ಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಂದೆ ಬಿಡುವುದಿಲ್ಲ, ಮೊದಲು ಬಂದಿರಲಿ, ಕೊನೆಗೆ ಬಂದಿರಲಿ. ಟೆವಿಸ್‌ನಲ್ಲಂತೂ ಮೊದಲು ಬಂದ ಹತ್ತು ಕುದುರೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವ ಒಂದಕ್ಕೆ ಹ್ಯಾಗಿನ್ ಕಪ್ ಅಂತ ಬೇರೆಯೇ ಬಹುಮಾನ ಇದೆ. ಅದು ಗೆದ್ದವರಿಗೆ ಮೊದಲು ಬಂದವರಷ್ಟೇ ಗೌರವ.

ಮರಳುವ ದಾರಿಯ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ. ಮುಖ ಲಾಯದ ಕಡೆ ತಿರುಗಿದ ಕೂಡಲೇ ಮೂರೂ ಕುದುರೆಗಳ ನಡುವೆ ಒಮ್ಮತ ಬಂತು. ಹೋಗುವಾಗ ಹಿಮ್ಮಡಿ ತಾಗಿಸಿದರೂ ಕದಲದ ಪೋನಿ ಈಗ ಮುಂದಿನ ಕುದುರೆಯನ್ನು ತಳ್ಳಿಕೊಂಡು ಹೊರಟಿತ್ತು. ಹಿಡಿದು ಹಿಡಿದು ನಮ್ಮ ತೋಳೇ ಬಿದ್ದುಹೋಯಿತು.

ಗುಟ್ಟಿನ ಸಮಯವನ್ನು ಓದಿ ಹೇಳಿದಾಗ ನಾವು ನಡುವೆ ಎಲ್ಲೋ ಇದ್ದೆವು, ಸುಮಾರು ತಡವಾಗಿ. ದಾರಿ ನೋಡಿ ಬಂದವರ ಕುದುರೆ ಎತ್ತರದ್ದು, ಅದರ ಒಂದು ಹೆಜ್ಜೆ ಪೋನಿಯ ಒಂದೂವರೆ ಹೆಜ್ಜೆ, ಹೀಗಿರುವಾಗ ಇದು ಯಾವ ನ್ಯಾಯ ಅಂತ ನಾನು ವಾದ ಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗೆದ್ದದ್ದು ಯಾರು ಅಂದುಕೊಂಡಿರಿ? ನಮ್ಮನ್ನು ನುಗ್ಗಿ ದಾಟಿ ಹೋದ ಅದೇ ತಂಡ! ಸಿಕ್ಕ ಕಡೆಯೆಲ್ಲ ಓಡಿಸಿದ್ದಾರೆ, ಒಂದು ತಿರುವಿನಲ್ಲಿ ಬಾಣದ ಗುರುತು ಕಾಣದೆ ದಾರಿ ತಪ್ಪಿದ್ದಾರೆ, ಹುಡುಕಿಕೊಂಡು ಮರಳಿ ಬರುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಖರ್ಚಾಗಿ ಲೆಕ್ಕ ಸರಿಯಾಗಿ ಕೂತಿದೆ. ಅದನ್ನು ಅವರೇ ನಗುತ್ತಾ ಹೇಳಿಕೊಂಡರು.

ಗಡಿಯಾರ ಹಿಡಿದು ನಿಂತವರ ಪಕ್ಕದಲ್ಲಿ ಸ್ಟೆತಸ್ಕೋಪ್ ಹಿಡಿದವರೊಬ್ಬರು ಇರಬೇಕಿತ್ತು ಅನ್ನುವುದು ನನ್ನ ಅಹವಾಲು. ರಿಬ್ಬನ್ ಗೆದ್ದ ಕುದುರೆಗಳ ಪಕ್ಕೆ ಆಗಲೂ ಏರಿಳಿಯುತ್ತಿತ್ತು, ಅವನ್ನು ಬಹಳ ಹೊತ್ತು ನಡೆಸಿ, ಸ್ಪಂಜಿನಿಂದ ನೀರು ಒತ್ತುತ್ತಾ ಇದ್ದರು. ನನ್ನ ಪೋನಿ ಬಂದು ನಿಂತವನೇ ಹುಲ್ಲಿಗೆ ಬಾಯಿ ಹಾಕಿದ್ದ. ಈ ಲೆಕ್ಕದಲ್ಲಿ ನಮ್ಮ ತಂಡ ಗೆದ್ದಿದೆ ಅಂತ ನಾನು ಹೇಳುತ್ತಲೇ ಇದ್ದೇನೆ. ಅವನು ದಾರಿಯುದ್ದಕ್ಕೂ ಹಾಗೇ ಮಾಡುತ್ತಿದ್ದ, ಅದನ್ನು ಲೆಕ್ಕಕ್ಕೆ ಹಿಡಿಯೋಕೆ ಆಗಲ್ಲ ಅಂತ ಉಳಿದಿಬ್ಬರ ವಾದ.