ಟೆಂಟಿನೊಳಗೊಂದು ಡೊಂಬಿವಲಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ವರ್ಷವಿಡೀ ಎರಡೇ ವಿಷಯ. ನೀರು ಎಷ್ಟು ಗಂಟೆಗೆ ಬಿಡುತ್ತಾರೆ, ಮತ್ತು ನನ್ನ ಜಾಗದಲ್ಲಿ ಗಾಡಿ ನಿಲ್ಲಿಸಿದ ಪುಣ್ಯಾತ್ಮ ಯಾರು. 2025ರ ಡಿಸೆಂಬರ್ ಮೊದಲ ವಾರ ಮೂರನೆಯದೊಂದು ಬಂತು. ಬಣ್ಣ ಬಣ್ಣದ ಚಿತ್ರ. ನೀರಿನ ದಂಡೆ, ಸಾಲು ಟೆಂಟು, ಮೇಲೆ ಆಕಾಶದ ತುಂಬ ಮತಾಪು ಸುರಿದ ಹಾಗೆ ಉಲ್ಕೆಗಳು. ಕೆಳಗೆ ಬರಹ: 'ಪವನಾ ದಂಡೆಯಲ್ಲಿ ಉಲ್ಕಾಪಾತ ಸ್ಪೆಷಲ್ ಕ್ಯಾಂಪಿಂಗ್. ತಲೆಗೆ 1,500. ಡಿಜೆ, ಬಾರ್ಬೆಕ್ಯೂ, ಬಯಲು ಸಿನೆಮಾ, ಬೆಳಿಗ್ಗೆ ಪೋಹೆ-ಚಹಾ. ಉಲ್ಕೆ ಉಚಿತ.'

ಈ ಕೊನೆಯ ಮಾತು ಎಲ್ಲರಿಗೂ ಹಿಡಿಸಿತು. ಡೊಂಬಿವಲಿಯಲ್ಲಿ ಉಚಿತ ಎಂದರೆ ಉಲ್ಕೆಗೂ ಕ್ಯೂ ನಿಲ್ಲುತ್ತೇವೆ.

ನನ್ನ ಹೆಂಡತಿ ಮಾತ್ರ ಅಡ್ಡ ಮಾತಾಡಿದಳು. ಅವಳು ಸಿರ್ಸಿ ಕಡೆಯವಳು. ಡಿಸೆಂಬರ್ ಅಂದರೆ ಅಲ್ಲಿ ಅಡಿಕೆ ಸುಲಿಯುವ ಕಾಲ. ರಾತ್ರಿ ಅಂಗಳಕ್ಕೆ ಬಂದು ಕತ್ತು ಎತ್ತಿದರೆ ಒಂದಲ್ಲ ಒಂದು ಚುಕ್ಕೆ ಜಾರುತ್ತಿತ್ತಂತೆ. "ಕತ್ತಲು ಬೇಕು ಅಂದ್ರೆ ವಾಂಗಣಿಗೆ ಹೋಗೋಣ. ಕರ್ಜತ್ ಲೋಕಲ್ ಹತ್ತಿದ್ರೆ ಆಯ್ತು. ಅಲ್ಲಿ ಖಗೋಳ್ ಮಂಡಳದವರು ಎಷ್ಟೋ ವರ್ಷದಿಂದ ರಾತ್ರಿಯಿಡೀ ಆಕಾಶ ತೋರಿಸ್ತಾರೆ" ಎಂದು ಗ್ರೂಪಿನಲ್ಲಿ ಬರೆದಳು. ಸೆಕ್ರೆಟರಿ ಕೇಳಿದರು: "ಅಲ್ಲಿ ಡಿಜೆ ಇದೆಯಾ?" ಇಲ್ಲ. "ಬಾರ್ಬೆಕ್ಯೂ?" ಇಲ್ಲ. "ಮತ್ತೆ ರಾತ್ರಿಯಿಡೀ ಏನು ಮಾಡೋದು?" ಆಕಾಶ ನೋಡೋದು. ಇದಕ್ಕೆ ಗ್ರೂಪಿನಲ್ಲಿ ಒಂದು ನಗುವ ಮುಖ ಬಂತು, ನಂತರ ಹದಿನೇಳು ಬಂದವು. ಮತದಾನ ಅಲ್ಲಿಗೆ ಮುಗಿಯಿತು.

ಹೀಗೆ ಡಿಸೆಂಬರ್ 13ರ ಶನಿವಾರ, ಒಂದು ಬಸ್ಸು, ಐದು ಕಾರು, ಅರವತ್ತೆರಡು ಜನ. ಮುಕ್ಕಾಲು ಪಾಲು ನಮ್ಮವರೇ. ಕುಂದಾಪುರ ಕಡೆಯ ಹೋಟೆಲ್ ಶೆಟ್ರು, ಧಾರವಾಡದ ಕಾಕಾ, ಉಳಿದಂತೆ ಉಡುಪಿಯಿಂದ ಬಿಜಾಪುರದ ತನಕ ಎಲ್ಲರೂ. ದಾರಿಯಲ್ಲಿ ಹೆಂಡತಿ ಮಗಳಿಗೆ ಹೇಳಿಕೊಡುತ್ತಿದ್ದಳು. ಪ್ರತಿವರ್ಷ ಈ ಹೊತ್ತಿಗೆ ಭೂಮಿ ಫೇಥಾನ್ ಎಂಬ ಕ್ಷುದ್ರಗ್ರಹ ಚೆಲ್ಲಿ ಹೋದ ಧೂಳಿನ ನಡುವೆ ಹಾಯುತ್ತದೆ, ಆ ಕಣಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ಬಡಿದು ಉರಿಯುತ್ತವೆ, ಮಿಥುನ ರಾಶಿಯ ದಿಕ್ಕಿನಿಂದ ಬಂದ ಹಾಗೆ ಕಾಣುವುದರಿಂದ ಜೆಮಿನಿಡ್ ಎಂದು ಹೆಸರು. ಮಗಳು ಕಿಟಕಿಯಿಂದ ಹೊರಗೆ ನೋಡಿ, "ನಾವು ಎಷ್ಟು ವೇಗದಲ್ಲಿ ಹೋಗ್ತಾ ಇದ್ದೀವಿ?" ಎಂದಳು. ಖಂಡಾಲ ಘಾಟ್. ಶನಿವಾರ. ಮುಂದೆ ಲಾರಿ, ಹಿಂದೆ ಲಾರಿ. ನಮ್ಮನ್ನು ಒಬ್ಬ ಚಿಕ್ಕಿ ಮಾರುವವನು ನಡೆದುಕೊಂಡೇ ದಾಟಿ ಹೋದ.

ಲೋನಾವಳ ಹತ್ತಿರದ ಈ ನೀರನ್ನು ಪವನಾ ಕೆರೆ ಎಂದು ಎಲ್ಲರೂ ಕರೆಯುತ್ತಾರೆ. ಕೆರೆಯಲ್ಲ, ಅಣೆಕಟ್ಟಿನ ಹಿನ್ನೀರು. ಇದೇ ನೀರು ಮುಂದೆ ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ನಲ್ಲಿಗಳಿಗೆ ಹೋಗುತ್ತದೆ. ನಮ್ಮ ಬಸ್ಸಿನವರು ಇಳಿದ ಕೂಡಲೇ ಅದರಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ವೇಫರ್ ಪ್ಯಾಕೆಟ್ ತೇಲಿಬಿಟ್ಟು, ಆಹಾ ಎಂಥ ಶುದ್ಧ ನೀರು ಎಂದರು. ಸುತ್ತ ನಾಲ್ಕು ಕೋಟೆಗಳು. ತುಂಗ್, ತಿಕೋನಾ, ಲೋಹಗಡ, ವಿಸಾಪುರ. ಲೋಹಗಡಕ್ಕೆ 2025ರ ಜುಲೈನಲ್ಲಷ್ಟೇ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ನಮ್ಮ ಕ್ಯಾಂಪಿನಿಂದ ಯಾವ ಕೋಟೆಯೂ ಕಾಣಲಿಲ್ಲ. ಡಿಜೆಯವನ ಬೋರ್ಡು ಅಡ್ಡ ಇತ್ತು.

ಈಗ ಕ್ಯಾಂಪಿನ ವಿಷಯಕ್ಕೆ ಬರೋಣ. ನಮ್ಮ ಸೊಸೈಟಿಯನ್ನು ಅಂಗಾತ ಮಲಗಿಸಿದರೆ ಹೇಗಿರುತ್ತದೋ ಹಾಗೇ ಇತ್ತು. ಸಾಲು ಸಾಲು ಟೆಂಟು, ಮೇಲೆ ಎ-1, ಎ-2, ಬಿ-1, ಬಿ-2 ಎಂದು ನಂಬರು. ಎರಡು ಟೆಂಟಿನ ನಡುವೆ ಒಂದು ಬಕೆಟ್ ಇಡುವಷ್ಟು ಜಾಗ. ಟೆಂಟಿನ ಹಗ್ಗಗಳು ಒಂದಕ್ಕೊಂದು ಅಡ್ಡ ಹಾಯ್ದು, ಸಂಜೆಯ ಒಳಗೆ ಮೂವರು ಎಡವಿ ಬಿದ್ದರು. ಡೊಂಬಿವಲಿಯಲ್ಲಿ ಪಕ್ಕದ ಮನೆಯವರ ಗೊರಕೆ ಗೋಡೆ ದಾಟಿ ಬರುವಾಗ ಸ್ವಲ್ಪ ಸೋರಿ ಕಡಿಮೆಯಾಗುತ್ತದೆ. ಇಲ್ಲಿ ಬಟ್ಟೆಯ ಗೋಡೆ, ಸೋರುವ ಪ್ರಶ್ನೆಯೇ ಇಲ್ಲ. ಅರ್ಧ ಗಂಟೆಯಲ್ಲಿ ಗ್ರೂಪಿನಲ್ಲಿ ಮೊದಲ ಸಂದೇಶ ಬಂತು: 'ಬಿ-7ರ ಮುಂದೆ ಬಿಳಿ ಕಾರು ನಿಲ್ಲಿಸಿದವರು ದಯವಿಟ್ಟು ತೆಗೆಯಿರಿ.' ಓದಿದ ಮೇಲೆ ಎಲ್ಲರ ಮುಖದಲ್ಲೂ ಒಂದು ನೆಮ್ಮದಿ. ಮನೆಗೆ ಬಂದ ಹಾಗಾಯಿತು.

ಬೆಳಕಂತೂ ಕೇಳಬೇಡಿ. ಟೆಂಟಿಗೊಂದು ಸರ ದೀಪ, ಮರಕ್ಕೆ ಹಸಿರು ದೀಪ, ಬಚ್ಚಲಿನ ದಾರಿಗೆ ನೀಲಿ ದೀಪ, ಡಿಜೆ ಮೇಲೆ ಗಿರಗಿರ ತಿರುಗುವ ಕೆಂಪು ದೀಪ, ಇದೆಲ್ಲ ಸಾಲದು ಎಂದು ನಡುವೆ ಕಬಡ್ಡಿ ಪಂದ್ಯಕ್ಕೆ ಹಾಕುವಂಥ ಎರಡು ದೊಡ್ಡ ಫ್ಲಡ್‌ಲೈಟು. ಕತ್ತಲೆ ನೋಡಲು ಬಂದವರಿಗೆ ಕತ್ತಲಲ್ಲಿ ತೊಂದರೆ ಆಗಬಾರದು ಅಲ್ವಾ?

ಬಯಲಲ್ಲಿ ಮೋಜು ಮಾಡುವುದು ಹೇಗೆ ಎಂದು ತಿಳಿಯದವರಿಗಾಗಿ ನಮ್ಮ ಸಂಜೆಯ ಕಾರ್ಯಕ್ರಮ ಹೇಳುತ್ತೇನೆ. ಮೊದಲು ಹಗ್ಗ ಜಗ್ಗಾಟ. ಹಗ್ಗ ಟೆಂಟಿನದು, ಆದ್ದರಿಂದ ಎ-4 ಕುಸಿಯಿತು. ಆಮೇಲೆ ಕುರ್ಚಿ ಆಟ. ಆಮೇಲೆ ಹೌಸಿ, ಅಂದರೆ ಮೈಕಿನಲ್ಲಿ ಕೂಗಿದ ನಂಬರನ್ನು ಚೀಟಿಯಲ್ಲಿ ಹೊಡೆಯುವ ಆಟ. ಪ್ಲಾಸ್ಟಿಕ್ ಕುರ್ಚಿಗಳನ್ನು ನೀರಿಗೆ ಬೆನ್ನು ಹಾಕಿ ಸಾಲಾಗಿ ಇಟ್ಟಿದ್ದರು, ಯಾಕೆಂದರೆ ಮೈಕು ಈಚೆ ಇತ್ತು. ಸೂರ್ಯ ಮುಳುಗುತ್ತಿದ್ದ. ನೀರು ಹುಣಸೆ ಸಾರಿನ ಬಣ್ಣಕ್ಕೆ ತಿರುಗಿತ್ತು. ಮೈಕಿನವನು, "ಟೂ ಲಿಟಲ್ ಡಕ್ಸ್, ಇಪ್ಪತ್ತೆರಡು!" ಎಂದು ಕೂಗಿದ. ಸರಿಯಾಗಿ ಆ ಹೊತ್ತಿಗೆ ನಿಜವಾದ ಎರಡು ಬಾತು, ನೀರಿಗೆ ರೆಕ್ಕೆ ತಾಗಿಸಿಕೊಂಡು, ನಮ್ಮ ಬೆನ್ನ ಹಿಂದೆ ಹಾದು ಹೋದವು. ಉಳಿದ ಅರವತ್ತೊಂದು ಜನ ತಲೆ ತಗ್ಗಿಸಿ ಚೀಟಿಯಲ್ಲಿ ಇಪ್ಪತ್ತೆರಡನ್ನು ಹುಡುಕುತ್ತಿದ್ದರು. ನಾನು ಹೇಗೆ ನೋಡಿದೆ ಎಂದರೆ, ನನ್ನ ಚೀಟಿಯಲ್ಲಿ ಇಪ್ಪತ್ತೆರಡು ಇರಲಿಲ್ಲ.

ಬಾರ್ಬೆಕ್ಯೂ ಬಗ್ಗೆ ಶೆಟ್ರು ಒಂದೇ ಮಾತು ಹೇಳಿದರು. "ಎಂಥ ಮಾರಾಯ್ರೆ, ಮೂವತ್ತು ವರ್ಷ ಒಲೆ ಮುಂದೆ ನಿಂತು ಸಾಕಾಗಿ ಬಂದ್ರೆ, ಇಲ್ಲಿ ದುಡ್ಡು ಕೊಟ್ಟು ನಾನೇ ಪನೀರ್ ಸುಡ್ಬೇಕಾ?" ಹತ್ತು ನಿಮಿಷದಲ್ಲಿ ಅವರ ಸುತ್ತ ಸಾಲು ನಿಂತಿತು. ಪಾಪ, ರಾತ್ರಿ ಒಂಬತ್ತೂವರೆ ತನಕ ಸುಟ್ಟರು.

ರಾತ್ರಿ ಹತ್ತಾದ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ನೇ ಇಸವಿಯಿಂದಲೂ ನಿಯಮವಿದೆ. ನಮ್ಮ ಕ್ಯಾಂಪಿನವರು ನಿಯಮಕ್ಕೆ ಬದ್ಧರು. ಹತ್ತಕ್ಕೆ ಸರಿಯಾಗಿ ಡಿಜೆ ನಿಂತಿತು. ಹತ್ತೂ ಒಂದಕ್ಕೆ ಹದಿನಾಲ್ಕು ಟೆಂಟುಗಳಿಂದ ಹದಿನಾಲ್ಕು ಬ್ಲೂಟೂತ್ ಸ್ಪೀಕರುಗಳು ಹದಿನಾಲ್ಕು ಹಾಡು ಹಾಡತೊಡಗಿದವು. ಎ ಸಾಲಿನಲ್ಲಿ ಭಜನೆ, ಬಿ ಸಾಲಿನಲ್ಲಿ ಬಾರ್ ಹಾಡು, ನಡುವೆ ಯಾರದೋ ಮಗುವಿಗೆ ಇಂಗ್ಲಿಷ್ ಜೋಗುಳ. ಡಿಜೆ ಇದ್ದಾಗಲೇ ವಾಸಿ ಇತ್ತು, ಒಂದೇ ಹಾಡು.

ಹನ್ನೊಂದಕ್ಕೆ ಉಲ್ಕಾಪಾತದ ಕಾರ್ಯಕ್ರಮ. ನಿರೂಪಕ ಬಂದ. ಜರಿ ಕೋಟು ಹಾಕಿದ್ದ. ಮೈಕಿಲ್ಲದೆಯೂ ಮೈಕಿನಂಥ ಗಂಟಲು. "ಎಲ್ಲರೂ ಮೇಲೆ ನೋಡಿ" ಎಂದ. ನೋಡಿದೆವು. ಫ್ಲಡ್‌ಲೈಟು ಕಂಡಿತು. ಕತ್ತಲಿಗೆ ಕಣ್ಣು ಒಗ್ಗಬೇಕಾದರೆ ಇಪ್ಪತ್ತು-ಮೂವತ್ತು ನಿಮಿಷ ಬೇಕು, ನಡುವೆ ಒಂದು ಸಲ ಮೊಬೈಲ್ ನೋಡಿದರೂ ಮತ್ತೆ ಮೊದಲಿಂದ ಶುರು. ಹೆಂಡತಿ ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿರೂಪಕ ಹೊಸ ಅಪ್ಪಣೆ ಕೊಟ್ಟ: "ಎಲ್ಲರೂ ಮೊಬೈಲ್ ಟಾರ್ಚ್ ಹಚ್ಚಿ, ಕೈ ಮೇಲೆತ್ತಿ ಉಲ್ಕೆಗಳನ್ನು ಸ್ವಾಗತಿಸಿ!" ಅರವತ್ತು ಟಾರ್ಚು ಮೇಲೆದ್ದವು. ಹತ್ತು ನಿಮಿಷ ಬೀಸಿದೆವು. ಒಂದೂ ಉಲ್ಕೆ ಬರಲಿಲ್ಲ. ನಾನು ಉಲ್ಕೆಯಾಗಿದ್ದರೂ ಬರುತ್ತಿರಲಿಲ್ಲ.

ಆದರೆ ಪ್ಯಾಕೇಜಿನವರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಬಯಲು ಸಿನೆಮಾದ ಪರದೆ ಇತ್ತಲ್ಲ, ಅದರ ಮೇಲೆ ಉಲ್ಕಾಪಾತದ ವಿಡಿಯೋ ಹಾಕಿದರು. ಅಬ್ಬಾ! ಸುರಿದವು ನೋಡಿ. ಎಡದಿಂದ, ಬಲದಿಂದ, ಹಿನ್ನೆಲೆಯಲ್ಲಿ ಪಿಟೀಲು. ಜನ ಶಿಳ್ಳೆ ಹೊಡೆದರು, ಪರದೆಯ ಮುಂದೆ ನಿಂತು ಸೆಲ್ಫಿ ತೆಗೆಸಿಕೊಂಡರು. ನಿಜವಾದ ಆಕಾಶ ಹಿಂದೆಯೇ ಇತ್ತು, ಸುಮ್ನೆ.

ಹನ್ನೆರಡೂವರೆಗೆ ಹೆಂಡತಿ ಕ್ಯಾಂಪಿನ ಹುಡುಗನನ್ನು ಹಿಡಿದಳು. ಇಪ್ಪತ್ತೆರಡು-ಇಪ್ಪತ್ತಮೂರು ವಯಸ್ಸು, ಅದೇ ಊರಿನವನು. ಅವನ ಅಜ್ಜನ ಹೊಲ ಈ ನೀರಿನ ಅಡಿಯಲ್ಲೇ ಇದೆಯಂತೆ. ಉಳಿದ ದಡದ ತುಂಡಿನಲ್ಲಿ ಮೊದಲು ಭತ್ತ ಬೆಳೆಯುತ್ತಿದ್ದರು, ಈಗ ಟೆಂಟು ಬೆಳೆಯುತ್ತಾರೆ. ಇಲ್ಲಿಯ ನೀರನ್ನು ಪೈಪಿನಲ್ಲಿ ಒಯ್ಯುವುದನ್ನು ವಿರೋಧಿಸಿ 2011ರಲ್ಲಿ ಈ ಮಾವಳ ತಾಲೂಕಿನ ರೈತರು ಎಕ್ಸ್‌ಪ್ರೆಸ್‌ವೇಗೆ ಇಳಿದಾಗ ಪೊಲೀಸರ ಗುಂಡಿಗೆ ಮೂವರು ಸತ್ತರು. ಆಗ ಅವನು ಶಾಲೆಯ ಹುಡುಗ. ಇಷ್ಟು ಹೇಳಿ, "ಲೈಟ್ ಬಂದ್ ಮಾಡೋಕಾಗಲ್ಲ ತಾಯಿ, ಲೈಟು ಪ್ಯಾಕೇಜಿನಲ್ಲಿದೆ" ಎಂದ ಮರಾಠಿಯಲ್ಲಿ. ನಂತರ ದನಿ ತಗ್ಗಿಸಿ, "ನಾವು ಚಿಕ್ಕವರಿದ್ದಾಗ ಇಲ್ಲಿ ಬಹಳ ಬೀಳುತ್ತಿದ್ದವು" ಎಂದ.

ಒಂದು ಗಂಟೆ ಹತ್ತು ನಿಮಿಷಕ್ಕೆ ಜನರೇಟರ್ ಎರಡು ಸಲ ಕೆಮ್ಮಿ ಸತ್ತಿತು. ಹುಡುಗನ ದನಿ ಕೇಳಿಸಿತು: "ಡಿಝೆಲ್ ಸಂಪಲಂ!" ಡೀಸೆಲ್ ಮುಗಿದಿತ್ತು.

ಮೊದಲು ಒಂದು ದೊಡ್ಡ "ಓ" ಎದ್ದಿತು. ಡೊಂಬಿವಲಿಯಲ್ಲಿ ಕರೆಂಟು ಹೋದಾಗ ಏಳುವ ಅದೇ "ಓ". ಹೆಂಡತಿ ಅಷ್ಟರಲ್ಲೇ ಎದ್ದಾಗಿತ್ತು. ಅವಳ ಟಾರ್ಚಿನ ಬಾಯಿಗೆ ಕೆಂಪು ಗಿಫ್ಟ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಕೆಂಪು ಬೆಳಕಿಗೆ ಕಣ್ಣಿನ ಕತ್ತಲ ಅಭ್ಯಾಸ ಕೆಡುವುದಿಲ್ಲವಂತೆ. ಆ ಕಾಗದ ಮನೆಯಿಂದ ತಂದಿದ್ದಳು ಎಂದರೆ ಡೀಸೆಲ್ ಮೇಲೆ ಅವಳಿಗೆ ಮೊದಲಿಂದಲೂ ನಂಬಿಕೆ ಇತ್ತು ಅಂತಾಯಿತು. ಮಗಳನ್ನೂ ನನ್ನನ್ನೂ ಎಳೆದುಕೊಂಡು ನೀರಿನ ಅಂಚಿಗೆ ಹೋಗಿ ಒಂದು ತಾಡಪಾಲು ಹಾಸಿದಳು. ಹುಲ್ಲು ಇಬ್ಬನಿಯಲ್ಲಿ ತೋಯ್ದಿತ್ತು. ಬೆನ್ನಿಗೆ ಥಂಡಿ ಚುರುಕ್ ಎಂದಿತು. ಧಾರವಾಡದ ಕಾಕಾ ನಿದ್ದೆ ಬರದೆ ಹಿಂದೆಯೇ ಬಂದರು. "ಅಲ್ಲವಾ ತಂಗಿ, ಕತ್ತಲಾಗ ಬಿದ್ದು ಕಾಲು ಮುರಕೊಂಡ್ರ ಪ್ಯಾಕೇಜಿನ್ಯಾಗ ದವಾಖಾನಿ ಐತೇನು?"

"ಮಲಗ್ರಿ ಕಾಕಾ. ಮಲಗಿದವರು ಬೀಳೋದಿಲ್ಲ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಚೆ ದಡದ ಕ್ಯಾಂಪುಗಳು ಇನ್ನೂ ಮಿಣುಗುತ್ತಿದ್ದವು. ಆಮೇಲೆ ಒಂದೊಂದಾಗಿ ಹೊರಬಂದವು. ಕೃತ್ತಿಕೆಯ ಗೊಂಚಲು, ರೋಹಿಣಿ, ಮೃಗಶಿರದ ಮೂರು ಚುಕ್ಕೆ. ನೆತ್ತಿಯ ಹತ್ತಿರ ಪುನರ್ವಸುವಿನ ಜೋಡಿ, ಪಕ್ಕದಲ್ಲಿ ಗುರು ಗ್ರಹ ದಪ್ಪಗೆ ಹೊಳೆಯುತ್ತಿತ್ತು. ಕಾಕಾ ಅದನ್ನು ನೋಡಿ, "ಡ್ರೋನ್ ಬಿಟ್ಟಾರೇನು?" ಎಂದರು. ಹಿಂದೆ ಟೆಂಟುಗಳ ಕಡೆಯಿಂದ ಯಾರೋ ಟಾರ್ಚು ಹಾಯಿಸಿದರು. "ಬೆಳಕು ಬೇಡ್ರಿ" ಎಂದು ಕಾಕಾರೇ ಬೈದರು. ಆ ಹೊತ್ತಿಗೆ ಮೊದಲನೆಯದು ಬಿತ್ತು. ನೆತ್ತಿಯಿಂದ ತುಂಗ್ ಕೋಟೆಯ ತಲೆಯ ತನಕ, ಸೀಮೆಸುಣ್ಣದ ಗೆರೆ ಎಳೆದ ಹಾಗೆ. ಸದ್ದಿಲ್ಲ. ಪಿಟೀಲಿಲ್ಲ. ಮಗಳು ಉಸಿರು ಬಿಗಿಹಿಡಿದದ್ದು ನನ್ನ ತೋಳಿಗೆ ಗೊತ್ತಾಯಿತು.

ಕಾಕಾ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ಎಣಿಸದೆ ಬಿಡುವ ಜೀವವಲ್ಲ. "ಒಂದ… ಎರಡ…" ಎಂದು ಶುರು ಮಾಡಿದರು. ಏಳನೆಯದಕ್ಕೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದ್ದು ಆ ಕತ್ತಲಲ್ಲೂ ಕಂಡಿತು.

ಇತ್ತ ಗ್ರೂಪು ಹೊತ್ತಿ ಉರಿಯುತ್ತಿತ್ತು. ಮರುದಿನ ಓದಿದೆ. 'ಲೈಟ್ ಯಾವಾಗ ಬರುತ್ತೆ?' 'ಇದಕ್ಕಾ 1,500 ಕೊಟ್ಟಿದ್ದು?' 'ಮಕ್ಕಳು ಹೆದರುತ್ತಿದ್ದಾರೆ.' 'ಫೋನ್ ಚಾರ್ಜ್ 4 ಪರ್ಸೆಂಟ್.' 'ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ.' 'ಬಿ-7ರ ಮುಂದೆ ಬಿಳಿ ಕಾರು ಇನ್ನೂ ಇದೆ.' ಒಟ್ಟು ಎಪ್ಪತ್ತೊಂದು ಸಂದೇಶ, ಎಲ್ಲವೂ ಟೆಂಟಿನ ಒಳಗಿಂದ.

ಒಂದೂ ಐವತ್ತಕ್ಕೆ ಹುಡುಗ ಬೈಕಿನಲ್ಲಿ ಕ್ಯಾನು ತಂದ. ಜನರೇಟರ್ ಗುಡುಗಿತು. ಹಸಿರು, ನೀಲಿ, ಕೆಂಪು, ಆಮೇಲೆ ಎರಡೂ ಫ್ಲಡ್‌ಲೈಟು. ಇಡೀ ಕ್ಯಾಂಪು ಚಪ್ಪಾಳೆ ತಟ್ಟಿತು. ಆ ರಾತ್ರಿಯ ಅತಿ ಜೋರಿನ ಚಪ್ಪಾಳೆ ಅದೇ. ಕಾಕಾ ಕಣ್ಣಿಗೆ ಕೈ ಅಡ್ಡ ಹಿಡಿದು ಎದ್ದು ಕೂತರು. "ಹತ್ತೊಂಬತ್ತಕ್ಕ ನಿಂತು ಹೋತು ನೋಡ್ರಿ. ಇಪ್ಪತ್ತಾಗಿದ್ರ ಲೆಕ್ಕಾ ಛಲೋ ಇರ್ತಿತ್ತು."

ಬೆಳಿಗ್ಗೆ ಪೋಹೆಯ ತಟ್ಟೆ ಹಿಡಿದುಕೊಂಡೇ ಸೆಕ್ರೆಟರಿ ಕ್ಯಾಂಪಿನ ಬಗ್ಗೆ ಆನ್‌ಲೈನಿನಲ್ಲಿ ಬರೆದು ಮುಗಿಸಿದ್ದರು. ಎಲ್ಲರಿಗೂ ಓದಿ ಹೇಳಿದರು. "ಊಟ ಚೆನ್ನಾಗಿತ್ತು. ಡಿಜೆ ಚೆನ್ನಾಗಿತ್ತು. ಪರದೆ ಮೇಲಿನ ಉಲ್ಕಾಪಾತ ಅದ್ಭುತ. ಆದರೆ ಮಧ್ಯರಾತ್ರಿ 40 ನಿಮಿಷ ಪೂರ್ತಿ ಕತ್ತಲು, ಏನೂ ಕಾಣುತ್ತಿರಲಿಲ್ಲ. ನಕ್ಷತ್ರ ನೋಡಲು ಬರುವವರು ಟಾರ್ಚ್ ತರುವುದು ಒಳ್ಳೆಯದು."

ಕೆಳಗೆ ಒಂದು ಸ್ಟಾರ್ ಕೊಟ್ಟಿದ್ದರು.