ಹದಿನಾಲ್ಕು ದಿನದ ಅಪೊಸ್ತಲರು

ಅಮೆರಿಕದ ಶಾಲಾ ಕಾಲೇಜುಗಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ಉಗಾಂಡದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಒಂದೇ ಬಣ್ಣದ ಟೀ ಶರ್ಟುಗಳ ಸುಗ್ಗಿ. ಎರಡು ವಾರದ ಮಟ್ಟಿಗೆ ಅಪೊಸ್ತಲರಾಗಿ, ಎಂದರೆ ಯೇಸುವಿನ ಸಂದೇಶ ಸಾರುವವರಾಗಿ, ಅಮೆರಿಕದ ಚರ್ಚುಗಳು ಕಳಿಸುವ ಹುಡುಗ ಹುಡುಗಿಯರ ತಂಡಗಳವು. ಬೆನ್ನಿನ ಮೇಲೆ ಬೈಬಲ್ಲಿನ ಒಂದು ವಚನ, ಎದೆಯ ಮೇಲೆ ಆಫ್ರಿಕದ ನಕ್ಷೆ, ನಕ್ಷೆಯ ನಡುವೆ ಒಂದು ಹೃದಯ. ಬಂದಿರುವುದು ಉಗಾಂಡಕ್ಕಾದರೂ ಊರಿನ ಸಭೆಯಲ್ಲಿ ಚಂದಾ ಎತ್ತುವಾಗ 'ಆಫ್ರಿಕಕ್ಕೆ ಹೋಗುತ್ತಿದ್ದೇವೆ' ಎಂದೇ ಹೇಳಿರುತ್ತಾರೆ. 54 ದೇಶಗಳ ಖಂಡವೊಂದನ್ನು ಹದಿನಾಲ್ಕು ದಿನಗಳಲ್ಲಿ ಉದ್ಧರಿಸಬೇಕಾದವರಿಗೆ ದೇಶಗಳ ಹೆಸರು ನೆನಪಿಡುವ ಪುರುಸೊತ್ತು ಎಲ್ಲಿಂದ ಬರಬೇಕು?

ವ್ಯಾನು ಹಳ್ಳಿಯ ಕಡೆ ತಿರುಗುತ್ತಲೇ ಮಕ್ಕಳು 'ಮುಜುಂಗು, ಮುಜುಂಗು' ಎಂದು ಕೂಗುತ್ತಾ ಹಿಂದೆ ಓಡುತ್ತಾರೆ. ಪೂರ್ವ ಆಫ್ರಿಕದಲ್ಲಿ ಬಿಳಿಯರಿಗೆ ಇರುವ ಹೆಸರದು. ಸುತ್ತು, ತಿರುಗು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ತಂಡದವರು ಅದನ್ನು ಸ್ವಾಗತವೆಂದು ತಿಳಿದು ಕೈಬೀಸುತ್ತಾರೆ. ಸ್ವಾಗತವೂ ಹೌದು, ವರ್ಣನೆಯೂ ಹೌದು.

ಅವರು ತಂದಿರುವುದು ಸುವಾರ್ತೆ. ಉಗಾಂಡದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಕ್ರೈಸ್ತರು. ಅಲ್ಲಿಗೆ ಆಂಗ್ಲಿಕನ್ ಮಿಷನರಿಗಳು ಬಂದದ್ದು 1877ರಲ್ಲಿ, ಕ್ಯಾಥೊಲಿಕರು 1879ರಲ್ಲಿ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ನಂಬಿಕೆಯನ್ನು ಬಿಡಲೊಲ್ಲದ ಅರಮನೆಯ ಹುಡುಗರನ್ನು ಇಂದಿನ ಉಗಾಂಡದೊಳಗಿನ ಬುಗಾಂಡ ರಾಜ್ಯದ ದೊರೆ ಮ್ವಾಂಗ ನಮುಗೊಂಗೊದಲ್ಲಿ ಸುಡಿಸಿದ. ಆ ಹುತಾತ್ಮರ ನೆನಪಿಗೆ ಪ್ರತಿ ಜೂನ್ 3ರಂದು ದೇಶಕ್ಕೇ ರಜೆ. ಲಕ್ಷಗಟ್ಟಲೆ ಯಾತ್ರಿಕರು ಸೇರುತ್ತಾರೆ, ಹಲವರು ದಿನಗಟ್ಟಲೆ ನಡೆದುಕೊಂಡೇ ಬರುತ್ತಾರೆ. ಆಫ್ರಿಕನ್ನರೇ ಇನ್ನು ತಮ್ಮ ಮಿಷನರಿಗಳೆಂದು ಪೋಪ್ ಆರನೆಯ ಪಾಲ್ ಕಂಪಾಲಕ್ಕೇ ಬಂದು ಹೇಳಿಹೋದದ್ದು 1969ರಲ್ಲಿ. ಇತ್ತ ತಂಡವನ್ನು ಕಳಿಸಿದ ಅಮೆರಿಕದಲ್ಲಿ, ಗ್ಯಾಲಪ್ ಸಮೀಕ್ಷೆಯ ಪ್ರಕಾರ, ಯಾವುದಾದರೊಂದು ಚರ್ಚು, ಸಿನಗಾಗು, ಮಸೀದಿಯ ಸದಸ್ಯರಾಗಿರುವವರ ಪ್ರಮಾಣ 2020ರಲ್ಲಿ ನೂರಕ್ಕೆ 47ಕ್ಕೆ ಇಳಿಯಿತು. ಭಾನುವಾರ ಮೂರು ಗಂಟೆ ನಿಂತು ಹಾಡಿ ಪ್ರಾರ್ಥಿಸುವ ಹಳ್ಳಿಗೆ ಬಂದು, ಒಂದು ಗಂಟೆಯ ಆರಾಧನೆಯಲ್ಲೇ ಗಡಿಯಾರ ನೋಡುವ ಹುಡುಗರು ಯೇಸುವಿನ ಪರಿಚಯ ಮಾಡಿಕೊಡುತ್ತಾರೆ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ. ಅಜ್ಜಿಯೂ ದೊಡ್ಡ ಮನಸ್ಸು ಮಾಡಿ ಒಂದೆರಡು ಸಲ ಕೆಮ್ಮಿ ತೋರಿಸುತ್ತಾಳೆ.

ಬಿಳಿಯರು ಕೊಟ್ಟ ಸುವಾರ್ತೆಯ ಸಾಲವನ್ನು ಆಫ್ರಿಕ ತೀರಿಸುವ ಕೆಲಸವೂ ಸದ್ದಿಲ್ಲದೆ ನಡೆದಿದೆ. ನೈಜೀರಿಯದ ರಿಡೀಮ್ಡ್ ಕ್ರಿಶ್ಚಿಯನ್ ಚರ್ಚ್ ಆಫ್ ಗಾಡ್ ಟೆಕ್ಸಾಸಿನ ಫ್ಲಾಯ್ಡ್ ಎಂಬ ಪುಟ್ಟ ಊರಿನಲ್ಲಿ ಜಮೀನು ಕೊಂಡು, ಉತ್ತರ ಅಮೆರಿಕದ ತನ್ನ ಕೇಂದ್ರವನ್ನೇ ಕಟ್ಟಿಕೊಂಡು ಕೂತಿದೆ. ಆದರೆ ಟೆಕ್ಸಾಸಿನ ಅಪರಿಚಿತ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದು ಮಿಷನರಿ ಕಾರ್ಯದ ಅಂಗವೆಂದು ಆ ನೈಜೀರಿಯನ್ನರಿಗೆ ಹೊಳೆದಂತಿಲ್ಲ.

ಇನ್ನು ಸೇವೆ. ಸೇವೆ ಎಂದರೆ ಗೋಡೆ. ಇಪ್ಪತ್ತು ಜನರ ತಂಡ, ತಲೆಗೆ ಮೂರು ಸಾವಿರ ಡಾಲರ್ ಎಂದು ಹಿಡಿದರೂ ಅರವತ್ತು ಸಾವಿರ ಡಾಲರ್ ಖರ್ಚು ಮಾಡಿ ಶಾಲೆಯೊಂದರ ಗೋಡೆಗೆ ಬಣ್ಣ ಬಳಿಯುತ್ತದೆ. ಇವರಲ್ಲಿ ಬಹುತೇಕರು ತಮ್ಮ ಮನೆಯ ಗೋಡೆಗೆ ಬ್ರಷ್ಷು ಮುಟ್ಟಿಸಿದವರಲ್ಲ, ಮುಟ್ಟಿಸಲು ತಾಯಂದಿರು ಬಿಟ್ಟವರೂ ಅಲ್ಲ. ಕೆಲಸವಿಲ್ಲದ ಊರಿನ ಬಣ್ಣಗಾರ ಎದುರಿನ ಮಾವಿನ ಮರದಡಿ ಕೂತು ಈ ಉಚಿತ ಶ್ರಮದಾನವನ್ನು ವೀಕ್ಷಿಸುತ್ತಾನೆ. ಟಾನ್ಜಾನಿಯದಲ್ಲಿ ಇಂಥದೇ ಪ್ರವಾಸ ಮಾಡಿದ್ದ ಅಮೆರಿಕದ ಯುವತಿಯೊಬ್ಬರು (ಅದು ಶಾಲೆಯ ಪ್ರವಾಸ, ಚರ್ಚಿನದಲ್ಲ) 2014ರಲ್ಲಿ ನಿಜವನ್ನು ಬರೆದುಕೊಂಡರು: ತಾವು ಹಗಲು ಕಟ್ಟಿದ ಇಟ್ಟಿಗೆಯ ಸಾಲುಗಳು ಎಷ್ಟು ಸೊಟ್ಟಗಿದ್ದವೆಂದರೆ ಊರಿನ ಗಂಡಸರು ರಾತ್ರಿ ಅವನ್ನು ಕೆಡವಿ, ಬೆಳಗಾಗುವಷ್ಟರಲ್ಲಿ ಅತಿಥಿಗಳಿಗೆ ಗೊತ್ತಾಗದಂತೆ ಮತ್ತೆ ಕಟ್ಟುತ್ತಿದ್ದರಂತೆ. ಇದರಲ್ಲಿ ಸೇವೆ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಚಂದಾ ರಸೀತಿಯಲ್ಲಿ ಮುದ್ರಿಸುವ ರೂಢಿಯಿಲ್ಲ. ಕಣ್ಣಿನ ಪೊರೆ ತೆಗೆಯಲು ಬಲ್ಲ ವೈದ್ಯರು ಎರಡು ವಾರ ಬಂದರೆ ಅದರ ಮಾತೇ ಬೇರೆ. ಅವರ ಮೇಲೆ ನನ್ನ ತಕರಾರಿಲ್ಲ.

ಮಿಷನರಿ ಎಂದರೆ ಕನ್ನಡಿಗರ ಕಣ್ಣ ಮುಂದೆ ಬರುವ ಮುಖ ಬೇರೆ. ಬಾಸೆಲ್ ಮಿಷನ್ನಿನ ಕಿಟೆಲ್ ನಮ್ಮಲ್ಲಿಗೆ ಬಂದ 1853ರಲ್ಲೇ ಅದೇ ಸಂಸ್ಥೆಯ ಕ್ರಿಸ್ಟಾಲರ್, ಇಂದಿನ ಘಾನಾ ಆಗಿರುವ ಗೋಲ್ಡ್ ಕೋಸ್ಟಿನಲ್ಲಿ ಇಳಿದರು. ಅಲ್ಲಿಗೆ 1828ರಲ್ಲಿ ಹೋಗಿದ್ದ ಬಾಸೆಲ್ಲಿನ ಮೊದಲ ನಾಲ್ವರೂ ಕೆಲವೇ ವರ್ಷಗಳಲ್ಲಿ ಆ ಮಣ್ಣಿನಲ್ಲೇ ತೀರಿಕೊಂಡಿದ್ದರೆಂಬುದು ಕ್ರಿಸ್ಟಾಲರ್‌ಗೆ ತಿಳಿದಿತ್ತು. ಕ್ರಿಸ್ಟಾಲರ್ ಟ್ವಿ ಭಾಷೆಯ ನಿಘಂಟನ್ನು 1881ರಲ್ಲಿ ಹೊರತಂದರು, ಕಿಟೆಲ್ ಕನ್ನಡದ ನಿಘಂಟನ್ನು 1894ರಲ್ಲಿ. ತಮ್ಮ ದೇವರೇ ದೊಡ್ಡವನೆಂಬ ಹಮ್ಮು ಅವರಿಗೂ ಇತ್ತು, ಇಲ್ಲದೆ ಏನು. ಆದರೆ ಎದುರಿನವನಿಗೆ ಬುದ್ಧಿ ಹೇಳುವ ಮುನ್ನ ಅವನ ಮಾತು ಕಲಿಯಬೇಕೆಂಬ ಹಳೆಯ ಕಾಲದ ಸಂಕೋಚವೂ ಇತ್ತು. ಈಗಿನ ತಂಡ ವಿಮಾನದಲ್ಲೇ ಸ್ವಾಹಿಲಿ ಭಾಷೆಯ 'ಜಾಂಬೊ' (ನಮಸ್ಕಾರ) ಕಲಿತು ಇಳಿಯುತ್ತದೆ; ಕಂಪಾಲದ ಸುತ್ತಲಿನವರ ಮಾತು ಲುಗಾಂಡ ಎಂದು ಯಾರೋ ತಿಳಿಸುವ ಹೊತ್ತಿಗೆ ಹಿಂದಿರುಗುವ ದಿನ ಬಂದಿರುತ್ತದೆ.

ಪ್ರವಾಸದ ತಿರುಳಿರುವುದು ಅನಾಥಾಲಯದಲ್ಲಿ. ಉಗಾಂಡದ ಅನಾಥಾಲಯಗಳ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಆದರೆ ಅಪ್ಪ ಅಮ್ಮನ ಜೊತೆ ಮನೆಯಲ್ಲಿರುವ ಮಗುವನ್ನು ಅಪ್ಪಿಕೊಳ್ಳಲು ಅಟ್ಲಾಂಟಿಕ್ ದಾಟಿ ಬರುವವರಾರು? ಬೇಡಿಕೆ ಇದ್ದಲ್ಲಿ ಪೂರೈಕೆ ಇರುತ್ತದೆ. ಅನಾಥಾಲಯಗಳಿಗೆ ಹೀಗೆ ಪ್ರವಾಸ ಬರುವುದು ಮಕ್ಕಳಿಗೆ ಹಾನಿಯೆಂದು 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ನಿರ್ಣಯದಲ್ಲಿ ಎಚ್ಚರಿಸಿತು. ಆ ವರ್ಷವೇ ಜಿಂಜಾ ನಗರದಲ್ಲಿ ಇಬ್ಬರು ತಾಯಂದಿರು ನ್ಯಾಯಾಲಯದ ಮೆಟ್ಟಿಲೇರಿದರು. ದೇವರ ಕರೆ ಬಂತೆಂದು ಅಲ್ಲಿಗೆ ಬಂದು, ಇಪ್ಪತ್ತರ ಹರೆಯದಲ್ಲಿ, ವೈದ್ಯಕೀಯ ವಿದ್ಯೆಯ ಗಂಧವಿಲ್ಲದೆ ಅಮೆರಿಕದ ಯುವತಿಯೊಬ್ಬರು ತೆರೆದಿದ್ದ ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರದಲ್ಲಿ 2010ರಿಂದ 2015ರ ನಡುವೆ 105 ಮಕ್ಕಳು ತೀರಿಕೊಂಡಿದ್ದವು. ಆರೋಪಗಳನ್ನು ಆಕೆ ನಿರಾಕರಿಸಿದರು. 2020ರಲ್ಲಿ, ಹೊಣೆ ಒಪ್ಪಿಕೊಳ್ಳದೆಯೇ, ರಾಜಿಯಾಯಿತು. ಉತ್ಸಾಹವೊಂದೇ ಅರ್ಹತೆಯೆಂದು ಗೋಡೆಯ ಮುಂದೆ ಒಪ್ಪಿಕೊಂಡವರು ಹಾಸಿಗೆಯ ಮುಂದೆಯೂ ಅದನ್ನೇ ಒಪ್ಪಿಕೊಂಡಿದ್ದರು. ಈ ಸಾಲುಗಳಲ್ಲಿ ನನಗೆ ನಗೆ ಬರುವುದಿಲ್ಲ.

ಹದಿಮೂರನೆಯ ದಿನ ನೈಲ್ ನದಿಯಲ್ಲಿ ರಾಫ್ಟಿಂಗ್, ಇಲ್ಲವೇ ಆನೆ ನೋಡುವ ಸಫಾರಿ. ಹದಿನಾಲ್ಕನೆಯ ದಿನ ಅಳು. ಊರಿಗೆ ಮರಳಿದ ಭಾನುವಾರ ಸಭೆಯ ಮುಂದೆ ಸಾಕ್ಷಿ: ಅವರ ಬಳಿ ಏನೂ ಇಲ್ಲ, ಆದರೂ ಎಷ್ಟೊಂದು ನಗುತ್ತಾರೆ, ನಾವು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಈ ಕೊನೆಯ ಮಾತು ಸತ್ಯವೆಂದು ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಿಕೊಡಬಲ್ಲ.

ಅತ್ತ ಉಗಾಂಡದ ಪಾದ್ರಿಯನ್ನು ಯಾರೂ ದಡ್ಡನೆಂದು ತಿಳಿಯಬಾರದು. ತಂಡದವರು ಹೊರಡುವಾಗ ಬಿಟ್ಟುಹೋಗುವ ಕಾಣಿಕೆಯಿಂದ ಮೇಷ್ಟರ ಸಂಬಳ ನಡೆಯಬೇಕು; ಕಾಣಿಕೆ ಬರಬೇಕಾದರೆ ತಂಡ ಬರಬೇಕು; ತಂಡ ಬಂದರೆ ಅದರ ಕೈಗೊಂದು ಗೋಡೆ ಬೇಕು. ಕಳೆದ ತಂಡ ಹಳದಿ ಬಳಿದಿತ್ತು, ಈ ತಂಡ ನೀಲಿ ಬಳಿದು ಹೋಗಿದೆ. ಬಣ್ಣ ಇನ್ನೂ ಹಸಿಯಾಗಿದೆ. ಮುಂದಿನ ತಂಡ ಗುರುವಾರ ಬರುವುದರಿಂದ, ಅದು ಅಷ್ಟರೊಳಗೆ ಒಣಗಲೆಂದು ಪಾದ್ರಿಗಳು ಪ್ರಾರ್ಥಿಸುತ್ತಿದ್ದಾರೆ.