ಏನಿಲ್ಲ ಸಾರ್, ಹಗುರ

ಯಾವುದಾದರೂ ವಸ್ತುವಿನ ತೂಕ ಎಷ್ಟು ಅಂತ ಕೇಳಿದರೆ ಅದರ ಒಂದು ಮೂಲೆಯನ್ನು ಒಂದೇ ಕೈಯಲ್ಲಿ ಎರಡು ಇಂಚು ಎತ್ತಿ, ಮತ್ತೆ ಇಳಿಸಿ, 'ಏನಿಲ್ಲ ಸಾರ್, ಹಗುರ' ಅನ್ನುವ ಜನರ ಮೇಲೆ ನನಗೆ ಸದ್ಯಕ್ಕೆ ಸಿಕ್ಕಾಪಟ್ಟೆ ಸಿಟ್ಟಿದೆ. ನೀವೂ ನೋಡಿರುತ್ತೀರಿ. ಮನೆ ಶಿಫ್ಟ್ ಮಾಡುವಾಗ ಬೀರು ಮುಂದೆ ನಿಂತು ಹೀಗೇ ಮಾಡುತ್ತಾರೆ. ಆಮೇಲೆ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅದೇ ಬೀರುವನ್ನು ಇಳಿಸಿಟ್ಟು, ಬೆವರು ಒರೆಸಿಕೊಂಡು, ಎಕ್ಸ್‌ಟ್ರಾ ಐನೂರು ಕೇಳುತ್ತಾರೆ.

ನನ್ನ ವಿಷಯ ಬೀರು ಅಲ್ಲ, ಪಿಕಪ್ಪು. ಎಲ್ಲರೂ ಎಸ್‌ಯುವಿ ತಗೊಳ್ಳುವ ಕಾಲದಲ್ಲಿ ನಾನು ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್ ತಗೊಂಡೆ. ಅಂದ್ರೆ ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬುವ ಲೋಡ್ ಬಾಡಿ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಇವತ್ತಿಗೂ ಗೇಟಲ್ಲಿ ಕೈ ಅಡ್ಡ ಹಾಕಿ 'ಯಾವ ಫ್ಲಾಟಿಗೆ ಡೆಲಿವರಿ?' ಅಂತ ಕೇಳುತ್ತಾರೆ. ಇರಲಿ. ಲಾಂಗ್ ವೀಕೆಂಡ್ ಬಂತು ಅಂದ್ರೆ ಸಕಲೇಶಪುರದ ಹೋಂಸ್ಟೇಗಳು ತಲೆಗೆ ಇಷ್ಟು ಅಂತ ಹೇಳುವ ರೇಟು ಕೇಳಿ ಕೇಳಿ ಸಾಕಾಗಿ, ಈ ಗಾಡಿಯ ಹಿಂದಿನ ಲೋಡ್ ಬಾಡಿ ಮೇಲೆ ಒಂದು ಪುಟ್ಟ ಮನೆ ಕೂರಿಸಿಬಿಟ್ಟರೆ ಎಲ್ಲಿ ಬೇಕೋ ಅಲ್ಲಿ ಮಲಗಬಹುದಲ್ಲ ಅಂತ ನನಗೆ ಅನ್ನಿಸಿತು.

ಅಮೆರಿಕದಲ್ಲಿ ಟ್ರಕ್ ಕ್ಯಾಂಪರ್ ಅನ್ನೋದು ದೊಡ್ಡ ವ್ಯಾಪಾರ. ಪಿಕಪ್ಪಿನ ಬೆನ್ನ ಮೇಲೆ ಇಡುವ ಪೆಟ್ಟಿಗೆ ಮನೆ. ಒಳಗೆ ಒಲೆ, ಸಿಂಕು, ಡ್ರೈವರ್ ತಲೆಯ ಮೇಲಕ್ಕೆ ಚಾಚಿಕೊಂಡ ಮಂಚ. (ಮಂಚ ಅಲ್ಲೇ ಇರಬೇಕು, ಯಾಕಂದ್ರೆ ಡಬಲ್ ಕ್ಯಾಬ್ ಗಾಡಿಯ ಲೋಡ್ ಬಾಡಿ ಉದ್ದ ಐದು ಅಡಿ ಆಸುಪಾಸು. ನಾನು ಐದು ಅಡಿ ಹತ್ತು ಇಂಚು. ಕಾಲು ಹೊರಗೆ ಬಿಟ್ಟು ಮಲಗಿದರೆ ಮಲೆನಾಡಿನ ಜಿಗಣೆಗಳಿಗೆ ಹಬ್ಬ.) ಹಗುರ ಬೇಕು ಅನ್ನುವವರಿಗೆ ಪಾಪ್-ಅಪ್ ಅಂತ ಬೇರೆ ಇದೆ. ಗಾಡಿ ಓಡುವಾಗ ಚಾವಣಿ ಕೆಳಗೆ, ನಿಂತಾಗ ಮೇಲೆ, ನಡುವೆ ಬಟ್ಟೆಯ ಗೋಡೆ. ಹಗುರ ಅಂತ ಮಾರುವ ಇವುಗಳಲ್ಲೇ ಎಷ್ಟೋ 400ರಿಂದ 500 ಕೆಜಿ ತೂಗುತ್ತವೆ. ಅದೂ 'ಡ್ರೈ ವೆಯ್ಟ್' ಅಂತೆ. ಅಂದ್ರೆ ನೀರು, ಗ್ಯಾಸು, ಪಾತ್ರೆ ಪಡಗ ಯಾವುದೂ ಸೇರದ ಲೆಕ್ಕ. ಕಲ್ಯಾಣ ಮಂಟಪದವರು ಕರೆಂಟು, ಕ್ಲೀನಿಂಗು ಬಿಟ್ಟು ಬಾಡಿಗೆ ಹೇಳುತ್ತಾರಲ್ಲ, ಹಾಗೆ.

ಆದರೆ ಅಲ್ಲಿಯ ಒಂದು ಪದ್ಧತಿ ನನಗೆ ಹಿಡಿಸಿತು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಕೆಜಿ ಯಾವತ್ತೂ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತಾರೆ. ಜನ ಮತ್ತು ಸಾಮಾನು! ನಮ್ಮಲ್ಲಿ ಲೋಡು ಅಂದ್ರೆ ಸಾಮಾನು ಮಾತ್ರ. ಜನ ಅಂದ್ರೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'.

ಹಾಗಾಗಿ ಆರ್‌ಸಿ ತೆಗೆದು ನೋಡಿದೆ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯೋದೇ ಪೇಲೋಡು. ನನಗೆ ಉಳಿದಿದ್ದು 340 ಕೆಜಿ. ನೋಡೋಕೆ ಇಷ್ಟೆತ್ತರ, ಇಷ್ಟಗಲ ಇರುವ ಗಾಡಿ, ಹೊರೋದು ಇಷ್ಟೇ. ನಮ್ಮ ಬೀದಿಯಲ್ಲಿ ಈರುಳ್ಳಿ ತರುವ ಪುಟಾಣಿ ಟಾಟಾ ಏಸ್ 2005ರಲ್ಲಿ ಬಂದಾಗಲೇ ಮುಕ್ಕಾಲು ಟನ್ ಹೊರುತ್ತಿತ್ತು. ಬೊಲೆರೊ ಕ್ಯಾಂಪರ್ ಅನ್ನೋ ಪಿಕಪ್ಪು (ಹೆಸರಷ್ಟೇ ಕ್ಯಾಂಪರ್) ಒಂದು ಟನ್ ಹೊರುತ್ತದೆ. ಆದರೆ ಖಾಲಿ ಇದ್ದಾಗ ಅಂಥ ಗಾಡಿಯಲ್ಲಿ ಕೂತು ನಮ್ಮ ರಿಂಗ್ ರೋಡಿನ ಹಂಪು ಹತ್ತಿಳಿದವರ ಸೊಂಟ ಏನಾಗುತ್ತೆ ಅಂತ ಅವರನ್ನೇ ಕೇಳಿ.

ಇನ್ನು ಜನರ ತೂಕ. ನಾನು 82. ಇದು ಸುಲಭ. ಮಗಳು 50 ಅಂತ ಮೊಬೈಲಿನಿಂದ ತಲೆ ಎತ್ತದೇ ಹೇಳಿದಳು. ಹೆಂಡತಿ 64 ಅಂದಳು. ಯಾವ ವರ್ಷದ್ದು ಅಂತ ಕೇಳುವ ಧೈರ್ಯ ನನಗಿಲ್ಲ. ಉಳಿದಿದ್ದು ಅತ್ತೆ. ಅವರು ನನ್ನ ಹತ್ತಿರ ನೇರವಾಗಿ ಮಾತಾಡೋದು ಕಡಿಮೆ. ಎಲ್ಲಾ ಅವರ ಮಗಳ, ಅಂದ್ರೆ ನನ್ನ ಹೆಂಡತಿಯ ಮೂಲಕ. ಸಂಜೆ ಕಾಫಿ ಹೊತ್ತಲ್ಲಿ ಆದಷ್ಟು ಸಹಜವಾಗಿ, 'ಅತ್ತೆ, ನಿಮ್ಮ ತೂಕ ಎಷ್ಟಿರಬಹುದು?' ಅಂತ ಕೇಳಿದೆ. ಅವರು ಲೋಟ ಕೆಳಗಿಟ್ಟರು. ಅಡುಗೆಮನೆ ಕಡೆ ತಿರುಗಿ, 'ಯಾಕಂತೆ ಕೇಳೇ' ಅಂದರು. ನಾನು ಪೇಲೋಡು, ಆರ್‌ಸಿ, ಅಮೆರಿಕದ ಸ್ಟಿಕ್ಕರ್ ಎಲ್ಲಾ ವಿವರಿಸಿದೆ. ಎಲ್ಲಾ ಕೇಳಿಸಿಕೊಂಡು ಮತ್ತೆ ಅಡುಗೆಮನೆಗೇ ಹೇಳಿದರು: 'ನಾನು ಭಾರ ಆಗಿದ್ರೆ ನೇರವಾಗಿ ಹೇಳಿಬಿಡಲಿ. ಸುತ್ತಿ ಬಳಸಿ ಗಾಡಿ ಮೇಲೆ ಯಾಕೆ ಹಾಕಬೇಕು?'

ಆ ವಾರ ನಮ್ಮ ಮನೆಯಲ್ಲಿ ಕಾಫಿಗೆ ಸಕ್ಕರೆ ಸರಿಯಾಗಿ ಬೀಳಲಿಲ್ಲ. ಕೊನೆಗೆ 70 ಅಂತ ನಾನೇ ಬರೆದುಕೊಂಡೆ.

ಕೂಡಿದರೆ 266. ಉಳಿದಿದ್ದು 74 ಕೆಜಿ. ಅಷ್ಟರಲ್ಲಿ ಮನೆ ಕಟ್ಟಬೇಕು. ಒಂದು ನೀರಿನ ಕ್ಯಾನು ಅಂದ್ರೆ 20 ಕೆಜಿ. ಮನೆಯ ಗ್ಯಾಸ್ ಸಿಲಿಂಡರ್ ಬಿಡಿ, ಒಳಗಿನ ಗ್ಯಾಸ್ 14.2 ಕೆಜಿ, ಕಬ್ಬಿಣ ಇನ್ನೂ ಅಷ್ಟೇ, ಹತ್ತಿರ ಹತ್ತಿರ 30 ಆಯ್ತು. ಐದು ಕೆಜಿಯ ಚಿಕ್ಕದಾದರೂ ಕಬ್ಬಿಣ ಸೇರಿ ಅದರ ಎರಡರಷ್ಟು. ಹಾಸಿಗೆ, ಒಲೆ, ಪಾತ್ರೆ ಅಂತ ಹಾಕಿದರೆ ಗೋಡೆ, ನೆಲ, ಚಾವಣಿ ಎಲ್ಲದಕ್ಕೂ ಸೇರಿ ಉಳಿಯೋದು 25 ಕೆಜಿ. 18 ಎಂಎಂ ಪ್ಲೈವುಡ್ಡಿನ ಒಂದೇ ಒಂದು ಎಂಟು-ನಾಲ್ಕರ ಶೀಟು 35 ಕೆಜಿ ಹತ್ತಿರ ಬರುತ್ತೆ. ಇಷ್ಟು ಲೆಕ್ಕ ಹಾಕಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಹೆಂಡತಿ ಬಂದು, 'ರೀ, ಮಿಕ್ಸಿ ಇಟ್ಕೊಳ್ಳೋಣ, ಅದೇನು ಮಹಾ ತೂಕ?' ಅಂದಳು. ಆಮೇಲೆ ಈಳಿಗೆಮಣೆ. ಆಮೇಲೆ ಎಂಟು ತೆಂಗಿನಕಾಯಿ. ತೆಂಗಿನಕಾಯಿ, ಸಕಲೇಶಪುರಕ್ಕೆ, ಹಾಸನ ದಾಟಿಕೊಂಡು!

ಆದರೂ ಒಂದು ದಾರಿ ಇತ್ತು. ಕಬ್ಬಿಣಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ತೂಕ ಮೂರನೇ ಒಂದು ಭಾಗ. 25 ಎಂಎಂ ಚೌಕದ, 2 ಎಂಎಂ ದಪ್ಪದ ಪೈಪು ಕಬ್ಬಿಣದ್ದಾದರೆ ಮೀಟರಿಗೆ ಒಂದೂವರೆ ಕೆಜಿ ಹತ್ತಿರ, ಅಲ್ಯೂಮಿನಿಯಂ ಆದರೆ ಅರ್ಧ ಕೆಜಿ. ಅಲ್ಯೂಮಿನಿಯಂ ಫ್ರೇಮು, ಟಾರ್ಪಾಲಿನ ಗೋಡೆ, ಬೇಕಾದಾಗ ಕಳಚಿ ಇಳಿಸುವ ಹಾಗೆ. ಪರ್ಮನೆಂಟಾಗಿ ಬೆಸೆಯುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರೂಪ ಬದಲಾಯಿಸೋಕೆ ಬಿಡಲ್ಲ. ಓವರ್‌ಲೋಡಿಗೆ 2019ರಿಂದ ಅದೇ ಕಾಯ್ದೆಯಲ್ಲಿ ದಂಡ ಶುರುವಾಗೋದೇ 20,000 ರೂಪಾಯಿಯಿಂದ. ದಂಡ ಆಮೇಲಿನ ಮಾತು, ಶಿರಾಡಿ ಘಾಟಿ ಇಳಿಯುವಾಗ ಬ್ರೇಕು ಕಾದು ವಾಸನೆ ಬಂದರೆ ಯಾವ ಸೆಕ್ಷನ್ನೂ ನೆನಪಿಗೆ ಬರಲ್ಲ.

ಇಷ್ಟನ್ನೂ ಹಾಳೆಯಲ್ಲಿ ಬರೆದು ಕಾಮಾಕ್ಷಿಪಾಳ್ಯದ ಕಡೆ ಒಂದು ಫ್ಯಾಬ್ರಿಕೇಷನ್ ಶೆಡ್ಡಿಗೆ ಕೊಟ್ಟು ಬಂದೆ. ಯಜಮಾನರು ಒಳ್ಳೆ ಮನುಷ್ಯ. ಕೈಕೆಲಸ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅದು ಅಲ್ಲಿಂದ ಹೊರಗೆ ಬಂದಿದ್ದನ್ನು ನಾನು ನೋಡಲಿಲ್ಲ.

ಮೊನ್ನೆ ಶನಿವಾರ ಹೋದರೆ ಫ್ರೇಮು ರೆಡಿ. ಪೂರ್ತಿ ಕಬ್ಬಿಣ, ಅವರ ಭಾಷೆಯಲ್ಲಿ ಎಂಎಸ್. ಕೆಂಪು ಪ್ರೈಮರ್ ಬೇರೆ ಹೊಡೆದಾಗಿದೆ. 'ಯಜಮಾನ್ರೇ, ಅಲ್ಯೂಮಿನಿಯಂ ಹೇಳಿದ್ದೆನಲ್ಲ' ಅಂದೆ. 'ಅದು ತಡೆಯಲ್ಲ ಸಾರ್. ಫ್ಯಾಮಿಲಿ ಮಲಗೋದು. ಎಂಎಸ್ ಹಾಕಿದೀನಿ, ಲೈಫ್ ಟೈಮು' ಅಂದರು. ಕೆಳಗೆ ಬಗ್ಗಿ ನೋಡಿದರೆ ನೆಲಕ್ಕೆ ಚೆಕರ್ಡ್ ಪ್ಲೇಟು. ಬಿಎಂಟಿಸಿ ಬಸ್ಸಿನ ಮೆಟ್ಟಿಲಿಗೆ ಹಾಕುವಂಥದ್ದು. 3 ಎಂಎಂ ಪ್ಲೇಟಾದರೆ ಚದರ ಮೀಟರಿಗೆ 25 ಕೆಜಿ ಹತ್ತಿರ ತೂಗುತ್ತೆ. 'ಇದಕ್ಕೆ ದುಡ್ಡು ಬೇಡ ಸಾರ್, ಪ್ರೀತಿಗೆ ಹಾಕಿದೀನಿ' ಅಂದರು. ಪ್ರೀತಿಯ ತೂಕ ಎಷ್ಟು ಅಂತ ಕೇಳಿದೆ. ಬಲಗೈಯಲ್ಲಿ ಟೀ ಲೋಟ ಇತ್ತು. ಎಡಗೈಯಲ್ಲಿ ಫ್ರೇಮಿನ ಒಂದು ಮೂಲೆ ಹಿಡಿದು ಎರಡು ಇಂಚು ಎತ್ತಿದರು. ಟೀ ಒಂದು ಹನಿ ತುಳುಕಲಿಲ್ಲ. 'ಏನಿಲ್ಲ ಸಾರ್, ಹಗುರ.'

ಉಳಿದ ಮೂರು ಮೂಲೆ ನೆಲದ ಮೇಲಿವೆ, ಅವುಗಳ ಭಾರ ಹೊರುತ್ತಿರೋದು ಕಾಮಾಕ್ಷಿಪಾಳ್ಯದ ಭೂಮಿ ಅಂತ ಹೇಳಿ ನೋಡಿದೆ. ಅವರು ಎದುರಿನ ಮೂಲೆಗೆ ಹೋಗಿ ಅದನ್ನೂ ಎತ್ತಿ ತೋರಿಸಿದರು. ಆಮೇಲೆ ಮೂರನೆಯದು. ನಾಲ್ಕೂ ಮೂಲೆ ಬೇರೆ ಬೇರೆಯಾಗಿ ಹಗುರ ಅಂತ ಸಾಬೀತಾಯಿತು. ಸಹಾಯಕ ಹುಡುಗನನ್ನು ಕರೆದು ಅವನ ಕೈಯಲ್ಲೂ ಎತ್ತಿಸಿದರು. ಅವನೂ 'ಹಗುರ ಅಣ್ಣ' ಅಂದ. ಮೂವತ್ತು ವರ್ಷ ರೋಲಿಂಗ್ ಶಟರ್ ಹೊತ್ತವರ ಕೈಗೆ ಈ ಲೋಕದಲ್ಲಿ ಇನ್ಯಾವುದು ತಾನೇ ಭಾರ ಅನ್ನಿಸಬೇಕು ಹೇಳಿ.

ನನಗೂ ಹಠ ಬಂತು. ಫ್ರೇಮನ್ನು ಗಾಡಿಗೆ ಹಾಕಿಸಿ (ಹಾಕೋಕೆ ಆರು ಜನ ಬೇಕಾಯಿತು, ಇದನ್ನು ದಯವಿಟ್ಟು ಗಮನಿಸಿ) ಪೀಣ್ಯದ ಕಡೆ ವೇ ಬ್ರಿಡ್ಜಿಗೆ, ಅಂದ್ರೆ ಗಾಡಿ ಸಮೇತ ತೂಗುವ ಕಾಟಾಕ್ಕೆ, ಹೊರಟೆ. ಖಾಲಿ ಗಾಡಿಯ ಚೀಟಿ ಮೊದಲೇ ಮಾಡಿಸಿಟ್ಟುಕೊಂಡಿದ್ದೆ. ಯಜಮಾನರೂ ಬಂದರು. ಹಿಂದೆ ಮುಂದೆ ಹತ್ತು ಚಕ್ರ, ಹನ್ನೆರಡು ಚಕ್ರದ ಲಾರಿಗಳು, ನಡುವೆ ನನ್ನ ಗಾಡಿ. ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿ ನಾನು ಇಳಿದೆ. ಯಜಮಾನರು ಇಳಿಯಲಿಲ್ಲ. 'ನಾನು ಕೂತರೆ ಏನಾಗುತ್ತೆ ಸಾರ್, ಕಾಟಾ 60 ಟನ್ನಿಂದು' ಅಂತ ಕಿಟಕಿಯಿಂದ ತಲೆ ಹಾಕಿ ವಾದ ಶುರು ಮಾಡಿದರು. ಒಳಗಿನಿಂದ ಆಪರೇಟರ್ ಮೈಕಲ್ಲಿ 'ಪಿಕಪ್ಪಲ್ಲಿರೋರು ಇಳೀರಿ, ಇಳೀರಿ' ಅಂತ ಕೂಗಿದರು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಇಳಿದವರು ಹೋಗಿ ನಿಂತಿದ್ದು ಎಲ್ಲಿ ಅಂತೀರಿ? ಅದೇ ಪ್ಲಾಟ್‌ಫಾರಂ ಮೇಲೆ, ಗಾಡಿಗೆ ಒರಗಿಕೊಂಡು. ಮೈಕು ಮತ್ತೆ ಕೂಗಿತು. 'ಬಿಳಿ ಶರ್ಟು, ಕಾಟಾ ಬಿಟ್ಟು ಕೆಳಗೆ!' ಸಾಲಿನಲ್ಲಿದ್ದ ಕ್ಲೀನರ್‌ಗಳೆಲ್ಲ ಇಳಿದು ಬಂದು ನೋಡತೊಡಗಿದರು. ನಾನು ಯಾರನ್ನೋ ಕಾಯುತ್ತಿರುವವನ ಹಾಗೆ ತುಮಕೂರು ರೋಡಿನ ಕಡೆ ಮುಖ ಮಾಡಿ ನಿಂತುಕೊಂಡೆ.

ಚೀಟಿ ಬಂತು. ಕಳೆದರೆ ಫ್ರೇಮು 130 ಕೆಜಿ. ಆ ಕಾಟಾ ಹತ್ತು ಹತ್ತು ಕೆಜಿ ಲೆಕ್ಕದಲ್ಲೇ ತೋರಿಸೋದು, ಎರಡು ಚೀಟಿ ಸೇರಿ ಹತ್ತು ಕೆಜಿವರೆಗೂ ಆಚೀಚೆ ಇರಬಹುದು. ಯಜಮಾನರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಈ ಕಾಟಾ ಸರಿ ಇಲ್ಲ ಸಾರ್' ಅಂದರು. ಗಾಡಿಯ ಬಂಪರ್ ಕಡೆ ಅವರ ಕೈ ಹೋಗಿದ್ದು ನೋಡಿ, ಎಲ್ಲಿ ಅದನ್ನೂ ಎತ್ತಿ ತೋರಿಸಿಬಿಡುತ್ತಾರೋ ಅಂತ ನನಗೆ ಒಂದು ಕ್ಷಣ ಭಯವಾಯಿತು.

ಮನೆಗೆ ಬಂದು ಚೀಟಿ ಟೇಬಲ್ ಮೇಲೆ ಎಸೆದೆ. ಮಗಳು ಬಂದು ನನ್ನ ಲೆಕ್ಕದ ಹಾಳೆ ಎತ್ತಿಕೊಂಡಳು. ಮನೆಯ ಹಳೇ ಇನ್ವರ್ಟರ್ ಬ್ಯಾಟರಿಯನ್ನು ಕ್ಯಾಂಪರಿಗೆ ಹಾಕೋಣ ಅಂತ ಬರೆದು, 50 ಕೆಜಿ ಹತ್ತಿರ ಬರುತ್ತೆ ಅಂತ ಹೊಡೆದುಹಾಕಿದ್ದೆ. ಅದನ್ನು ನೋಡಿ, 'ಅಪ್ಪ, ಮುಂದಿನ ವರ್ಷ ನಾನು ಹಾಸ್ಟೆಲ್ಲಿಗೆ ಹೋಗ್ತೀನಲ್ಲ, ಆಗ ನನ್ನ 50 ಉಳಿಯುತ್ತೆ. ಬ್ಯಾಟರಿ ಹಾಕ್ಕೋ' ಅಂದಳು. ಲೆಕ್ಕ ಸರಿಯಾಗೇ ಇತ್ತು. ಅವಳು ತಮಾಷೆಗೆ ಹೇಳಿದ್ದಲ್ಲ, ಸಹಾಯ ಮಾಡೋಕೆ ಹೇಳಿದ್ದು. ನಾನು ಹಾಳೆ ಇಸ್ಕೊಂಡು ಬ್ಯಾಟರಿಯ ಮೇಲೆ ಇನ್ನೊಂದು ಗೆರೆ ಎಳೆದೆ.

ಈಗ ಯಜಮಾನರ ಜೊತೆ ಫೋನಲ್ಲಿ ಜಗಳ ನಡೀತಿದೆ. ಕಬ್ಬಿಣದ ಫ್ರೇಮನ್ನು ಅವರೇ ಯಾರದೋ ಟೆರೇಸಿನ ಶೀಟಿಗೆ ಬಳಸಿಕೊಳ್ಳುತ್ತಾರಂತೆ, ಅಲ್ಯೂಮಿನಿಯಂದು ಮಾಡಿಕೊಡುತ್ತಾರಂತೆ. ಆದರೆ ಚೆಕರ್ಡ್ ಪ್ಲೇಟು ಮಾತ್ರ ಇರಲಿ ಅಂತ ಒಂದೇ ಹಠ.

ಅತ್ತೆಯ ಕಡೆಯಿಂದಲೂ ನಿನ್ನೆ ಅಡುಗೆಮನೆ ಮೂಲಕ ಒಂದು ಪರಿಹಾರ ಬಂತು. ಅವರು ಕೆಂಪು ಬಸ್ಸಲ್ಲಿ ಬರುತ್ತಾರಂತೆ. ಹೇಗಿದ್ದರೂ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಬಸ್ ಸ್ಟ್ಯಾಂಡಿಗೆ ಬಂದು ಕರಕೊಂಡು ಹೋದರೆ ಸಾಕು, ಅವರ ಬ್ಯಾಗು, ಉಪ್ಪಿನಕಾಯಿ ಜಾಡಿ, ಹಾಸಿಗೆ ಮಾತ್ರ ಗಾಡಿಯಲ್ಲಿ ಹಾಕಿಕೊಳ್ಳಬೇಕು. ಅಮ್ಮನನ್ನು ಒಬ್ಬರೇ ಹೇಗೆ ಕಳಿಸೋದು ಅಂತ ಹೆಂಡತಿಯೂ ಬಸ್ಸಿಗೇ ತಯಾರಾಗಿದ್ದಾಳೆ. ಬಸ್ಸಲ್ಲಿ ಕಿಟಕಿ ಸೀಟು ಸಿಗುತ್ತೆ ಅಂತ ಮಗಳೂ ಆ ಕಡೆ ಸೇರಿದ್ದಾಳೆ. ಆಧಾರ್ ಕಾರ್ಡು ಎಲ್ಲಿಟ್ಟಿದ್ದೀರಿ ಅಂತ ಮೂವರೂ ಹುಡುಕುತ್ತಿದ್ದಾರೆ. ಗಾಡಿಯಲ್ಲಿ ನಾನೊಬ್ಬನೇ, ಅಂದ್ರೆ 258 ಕೆಜಿ ಖಾಲಿ. ಚೆಕರ್ಡ್ ಪ್ಲೇಟು ಸಮೇತ ಎಲ್ಲಾ ಹಿಡಿಸುತ್ತೆ. ಎಂಟು ತೆಂಗಿನಕಾಯಿಯೂ.